ತುಳಸಿ ಜಪಮಾಲೆ: 108 ಮಣಿ, ಒಂದು ಮೇರು, ಗಟ್ಟಿ ನೂಲು

ಕೆಲಸ ಉಳಿಯುತ್ತದೋ ಹೋಗುತ್ತದೋ ತಿಳಿಯದ ತಿಂಗಳು, ಬಯಾಪ್ಸಿ ರಿಪೋರ್ಟಿಗೆ ಕಾಯುವ ವಾರ, ಬಿತ್ತನೆ ಮುಗಿದ ಮೇಲೆ ಮಳೆ ಕೈಕೊಟ್ಟ ಆಷಾಢ. ಇಂಥ ಹೊತ್ತಿನಲ್ಲಿ ಮನೆಯ ಹಿರಿಯರು ‘ದೇವರ ಮೇಲೆ ಭಾರ ಹಾಕು’ ಅನ್ನುತ್ತಾರೆ. ಮಾತು ನಿಜ. ಆದರೆ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಎದೆ ಹೊಡೆದುಕೊಳ್ಳುವಾಗ ಭಾರ ಹಾಕುವುದು ಹೇಗೆ ಎಂದು ತಲೆಗೆ ಹೊಳೆಯುವುದಿಲ್ಲ. ಆಗ ಬೆರಳಿಗೆ ಒಂದು ಕೆಲಸ ಬೇಕು. ಜಪಮಾಲೆ ಇರುವುದೇ ಅದಕ್ಕೆ.

ಇಲ್ಲಿ ನೋಡುತ್ತಿರುವುದು ಊರಿನ ಗ್ರಂಧಿಗೆ ಅಂಗಡಿಗಳಲ್ಲಿ, ಉಡುಪಿಯ ರಥಬೀದಿಯಂಥ ದೇವಸ್ಥಾನದ ಬೀದಿಗಳಲ್ಲಿ ಸಿಗುವ ಸಾಧಾರಣ ತುಳಸಿ ಜಪಮಾಲೆಯನ್ನು. ಹೋಲಿಕೆಗೆ ರುದ್ರಾಕ್ಷಿ, ಸ್ಫಟಿಕ ಮತ್ತು ಬೆರಳಿಗೆ ಹಾಕುವ ಎಣಿಕೆ ಯಂತ್ರ. ದಿನವೂ ಜಪಕ್ಕೆ ಕೂರುವವರಿಗೆ ನಮ್ಮ ಆಯ್ಕೆ 8 ಮಿಲಿಮೀಟರ್ ಮಣಿಯ, ಹತ್ತಿನೂಲಿನ, ಮಣಿ ಮಣಿಯ ನಡುವೆ ಗಂಟು ಹಾಕಿದ ತುಳಸಿ ಮಾಲೆ. ಅದಕ್ಕಿಂತ ದುಬಾರಿಯದು ಬೇಕಿಲ್ಲ.

8 ಮಿಲಿಮೀಟರ್ ಯಾಕೆ? 6ರ ಮಣಿ ದಪ್ಪ ಬೆರಳಿನವರಿಗೆ ಒಂದರ ಬದಲು ಎರಡು ಜಾರಿಬಿಡುತ್ತದೆ. 10ರ ಮಣಿಯಾದರೆ ಗಂಟೂ ಸೇರಿ ಸುತ್ತಳತೆ ಹೆಚ್ಚುಕಮ್ಮಿ 1.3 ಮೀಟರ್ ಆಗಿ, ಪದ್ಮಾಸನದಲ್ಲಿ ಕೂತರೆ ಮಾಲೆ ನೆಲಕ್ಕೆ ತಾಗುತ್ತದೆ. 8ರದು ಸುಮಾರು 1.1 ಮೀಟರ್ ಸುತ್ತಳತೆ, ಕೈಯಿಂದ ಇಳಿಬಿಟ್ಟರೆ ಅರ್ಧ ಮೀಟರಿಗಿಂತ ತುಸು ಹೆಚ್ಚು. ತುಳಸಿ ಗಿಡದ ಕಾಂಡ ತೆಳ್ಳಗಿನದು ಅನ್ನುವುದನ್ನೂ ಮರೆಯಬಾರದು. ಚೆನ್ನಾಗಿ ಬಲಿತ ಗಿಡದ ಬುಡದಲ್ಲಿ ಮಾತ್ರ ಕಡೆಯುವಷ್ಟು ದಪ್ಪದ ಕಟ್ಟಿಗೆ ಸಿಗುತ್ತದೆ. ಹೀಗಾಗಿ ನೆಲ್ಲಿಕಾಯಿ ಗಾತ್ರದ, ಎಲ್ಲವೂ ಒಂದೇ ಬಣ್ಣದ, ನುಣ್ಣಗೆ ಹೊಳೆಯುವ ‘ತುಳಸಿ’ ಮಣಿ ಕಂಡರೆ ಅದು ಬೇರೆ ಮರದ್ದು ಎಂದೇ ತಿಳಿಯಿರಿ. ಮಥುರಾ–ವೃಂದಾವನದ ಕಡೆ ಕಡೆದ ನಿಜವಾದ ಮಣಿಗಳಲ್ಲಿ ಬಣ್ಣ ಒಂದೇ ಸಮ ಇರುವುದಿಲ್ಲ. ಒಂದು ತಿಳಿ ಹಳದಿ, ಪಕ್ಕದ್ದು ಕಂದು, ಇನ್ನೊಂದರ ಮೇಲೆ ಗಂಟಿನ ಕಲೆ. ಆ ಒರಟುತನವೇ ಒಳ್ಳೆಯ ಗುರುತು.

ಅಂಗಡಿಯಲ್ಲೇ ಮೂರು ಪರೀಕ್ಷೆ ಮಾಡಬಹುದು. ಬಿಳಿ ಕರ್ಚೀಫಿನ ತುದಿ ಒದ್ದೆ ಮಾಡಿ ನಾಲ್ಕೈದು ಮಣಿ ಉಜ್ಜಿ, ಬಣ್ಣ ಹತ್ತಿದರೆ ವಾಪಸು ಕೊಡಿ. ಮೂಸಿ ನೋಡಿ: ಒಣಗಿದ ತುಳಸಿ ಕಟ್ಟಿಗೆಗೆ ಎಲೆಯಷ್ಟು ಘಾಟು ಇರುವುದಿಲ್ಲ, ಘಮ್ಮೆನ್ನುತ್ತಿದ್ದರೆ ಅತ್ತರು ಹಚ್ಚಿದ್ದಾರೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ, ಹೆಚ್ಚಿನವರು ಬಿಡುವುದೂ ಅದನ್ನೇ: ಮಣಿ ಎಣಿಸಿ. 106 ಅಥವಾ 111 ಇರುವ ಮಾಲೆಗಳು ಮಾರಾಟಕ್ಕೆ ಬರುತ್ತವೆ. ಮಾಲೆಯ ಎರಡು ತುದಿ ಸೇರುವಲ್ಲಿರುವ ತಲೆಮಣಿ, ಅಂದರೆ ಮೇರು, ಬಿಟ್ಟು 108 ಇರಬೇಕು. ಎಣಿಸುವಾಗಲೇ ತೂತುಗಳನ್ನೂ ಗಮನಿಸಿ. ತೂತಿನ ಅಂಚು ಸೀಳಿದ್ದರೆ ಅದೇ ನೂಲನ್ನು ಕತ್ತರಿಸುತ್ತದೆ. ಮೇರುಮಣಿ ಬರೀ ಕುಚ್ಚು ಕಟ್ಟಿದ ಸಾಧಾರಣ ಮಣಿಯಾಗಿರದೆ ಗಾತ್ರದಲ್ಲಿ ದೊಡ್ಡದಾಗಿರಲಿ. ದೀಪ ಆರಿಸಿದ ಕೋಣೆಯಲ್ಲಿ ಬೆರಳಿಗೇ ಗೊತ್ತಾಗಬೇಕು.

ಇನ್ನು ಹೇಳಲೇಬೇಕಾದ ಮಾತು. ‘ಉದ್ಯೋಗಪ್ರಾಪ್ತಿ ಮಾಲೆ’, ‘ಸಿದ್ಧಿ ಮಾಡಿದ ಮಾಲೆ’, ‘ಶನಿದೋಷ ನಿವಾರಕ’ ಎಂಬ ಚೀಟಿ ಅಂಟಿಸಿ, ಅದೇ ಸರಕನ್ನು ಹತ್ತು ಪಟ್ಟು ಬೆಲೆಗೆ ಮಾರುವುದಿದೆ. ಕಷ್ಟದಲ್ಲಿರುವವರು ಇಂಥಲ್ಲಿ ಬೇಗ ಸಿಕ್ಕಿಬೀಳುತ್ತಾರೆ. ಹೆದರಿಕೆ ಹುಟ್ಟಿಸಿ ಮಾರುವವನ ಹತ್ತಿರ ಕೊಳ್ಳಬೇಡಿ. ಗೀತೆಯ 10ನೇ ಅಧ್ಯಾಯದ 25ನೇ ಶ್ಲೋಕದಲ್ಲಿ ಕೃಷ್ಣ ‘ಯಜ್ಞಗಳಲ್ಲಿ ನಾನು ಜಪಯಜ್ಞ’ ಎನ್ನುತ್ತಾನೆ. ತುಪ್ಪ, ಸಮಿಧೆ, ದಕ್ಷಿಣೆ ಯಾವುದೂ ಇಲ್ಲದವರೂ ಮಾಡಬಹುದಾದ ಯಜ್ಞ ಅದು. ಅದಕ್ಕೆ ಸಾಲ ಮಾಡಿ ಮಾಲೆ ಕೊಳ್ಳುವುದು ಎಲ್ಲಿಯ ನ್ಯಾಯ?

ಬಳಕೆಗೆ ಬರೋಣ. ಮಾಲೆಯನ್ನು ಬಲಗೈಯ ಮಧ್ಯದ ಬೆರಳ ಮೇಲೆ ಇಳಿಬಿಟ್ಟು, ಹೆಬ್ಬೆರಳಿನಿಂದ ಒಂದೊಂದೇ ಮಣಿಯನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ತೋರುಬೆರಳು ಮಾಲೆಗೆ ತಾಗಬಾರದು. ಮೇರುವನ್ನು ದಾಟುವಂತಿಲ್ಲ; 108ನೇ ಮಣಿಗೆ ಬಂದಾಗ ಮಾಲೆ ತಿರುಗಿಸಿ, ಬಂದ ದಾರಿಯಲ್ಲೇ ವಾಪಸು ಹೊರಡಬೇಕು. ಹೊಸಬರು ಎಡವುವುದು ಇಲ್ಲೇ. ಕೊನೆಯ ಮಣಿಯನ್ನು ಹೆಬ್ಬೆರಳು ಮತ್ತು ಉಂಗುರದ ಬೆರಳಿನಲ್ಲಿ ಒತ್ತಿ ಹಿಡಿದು, ಮಧ್ಯದ ಬೆರಳನ್ನು ಹೊರತೆಗೆದು, ಮಾಲೆಯ ಆಚೆ ಬದಿಯಿಂದ ಒಳಗೆ ತೂರಿಸಿದರೆ ಮಾಲೆ ತಾನಾಗಿ ತಿರುಗುತ್ತದೆ. ನಾಲ್ಕು ದಿನದಲ್ಲಿ ಕೈ ಪಳಗುತ್ತದೆ. ಗೋಮುಖಿ ಚೀಲದೊಳಗೆ ಕೈಯಿಟ್ಟು ಮಾಡುವವರು ತಿರುಗಿಸುವುದನ್ನು ಮೊದಲು ಹೊರಗೆ ಕಲಿತುಕೊಳ್ಳಲಿ. ಗೋಮುಖಿ ಹತ್ತಿಬಟ್ಟೆಯದೇ ಇರಲಿ, ಪಾಲಿಯೆಸ್ಟರ್ ಒಳಗೆ ಕೈ ಬೆವರುತ್ತದೆ.

ಸಮಯದ ಲೆಕ್ಕ ಗೊತ್ತಿದ್ದರೆ ಕೂರುವುದು ಸುಲಭ. ‘ಓಂ ನಮೋ ನಾರಾಯಣಾಯ’ ಅವಸರವಿಲ್ಲದೆ ಹೇಳಿದರೆ ಮೂರೂವರೆ ಸೆಕೆಂಡು, ಒಂದು ಮಾಲೆಗೆ ಆರರಿಂದ ಏಳು ನಿಮಿಷ. ‘ನಮಃ ಶಿವಾಯ’ ಆದರೆ ನಾಲ್ಕೈದು ನಿಮಿಷ. ದಿನಕ್ಕೆ ಒಂದೇ ಮಾಲೆ ಇರಲಿ, ಆದರೆ ಹೊತ್ತು ಮತ್ತು ಜಾಗ ಬದಲಾಗದಿರಲಿ, ಮೊಬೈಲ್ ಮುಟ್ಟುವ ಮೊದಲು ಆಗಲಿ. ಎಲ್ಲವೂ ಅಲ್ಲಾಡುತ್ತಿರುವ ಕಾಲದಲ್ಲಿ ಅಲ್ಲಾಡದ ಆರು ನಿಮಿಷ ಮನುಷ್ಯನನ್ನು ಎಷ್ಟು ಹಿಡಿದು ನಿಲ್ಲಿಸುತ್ತದೆ ಅನ್ನುವುದು ಮಾಡಿದವರಿಗೆ ಗೊತ್ತು. ಮನಸ್ಸು ಓಡುತ್ತದೆ, ಓಡಲಿ. 108ರಲ್ಲಿ ಲೆಕ್ಕಕ್ಕೆ ಹಿಡಿಯುವುದು 100 ಮಾತ್ರ, ಉಳಿದ ಎಂಟು ತಪ್ಪಿಹೋದವಕ್ಕೆ ಎಂದು ಹಿರಿಯರು ಹೇಳುತ್ತಾರೆ. ನಮ್ಮ ಚಂಚಲತೆಗೆ ಮೊದಲೇ ಜಾಗ ಬಿಟ್ಟು ಹೆಣೆದ ಸಾಧನ ಇದು. ಇದಕ್ಕಿಂತ ಕರುಣೆ ಎಲ್ಲಿದೆ!

ದಾರಿ ಕೇಳುವ ವಿಷಯದಲ್ಲಿ ಒಂದು ತಪ್ಪು ಬಳಕೆ ಹಬ್ಬಿದೆ. ಕಣ್ಣು ಮುಚ್ಚಿ ಯಾವುದೋ ಮಣಿ ಹಿಡಿದು, ಮೇರುವಿನವರೆಗೆ ಎಣಿಸಿ, ಸಮ ಬಂದರೆ ಹೌದು, ಬೆಸ ಬಂದರೆ ಇಲ್ಲ ಎಂದು ನಿರ್ಧರಿಸುವುದು. ಜಪಮಾಲೆ ಅದಕ್ಕಲ್ಲ. ಬೇಡದ ಉತ್ತರ ಬಂದರೆ ಮತ್ತೆ ಹಿಡಿಯುತ್ತೀರಿ, ತಳಮಳ ಇನ್ನೂ ಹೆಚ್ಚುತ್ತದೆ. ಜಪ ಮುಗಿದ ಕೂಡಲೇ ಏಳದೆ ಎರಡು ನಿಮಿಷ ಸುಮ್ಮನೆ ಕೂತು, ಆಮೇಲೆ ಈ ದಿನ ಮಾಡಲೇಬೇಕಾದ ಒಂದು ಕೆಲಸವನ್ನು ಚೀಟಿಯಲ್ಲಿ ಬರೆಯಿರಿ. ಬ್ಯಾಂಕಿಗೆ ಫೋನು, ಡಾಕ್ಟರ ಅಪಾಯಿಂಟ್‌ಮೆಂಟ್, ಅಣ್ಣನ ಹತ್ತಿರ ಆಡಬೇಕಾದ ಮಾತು. ದೇವರು ತೋರಿಸುವುದು ಬಹಳ ಸಲ ಅಷ್ಟೇ ದೂರದ ದಾರಿ, ನಡೆಯಲು ಅದು ಸಾಕು. ಮಾಲೆ ಹಿಡಿದವರು ಮಾತ್ರೆ ಬಿಡಬಾರದು.

ಈಗ ಈ ಸರಕಿನ ದೊಡ್ಡ ದೋಷ: ನೂಲು ಹರಿಯುತ್ತದೆ. ದಿನವೂ ಬಳಸಿದರೆ ಒಂದೆರಡು ವರ್ಷ ಬಂದರೆ ಹೆಚ್ಚು. ಹರಿದಾಗ, ಅದರಲ್ಲೂ ಮನೆಯಲ್ಲಿ ಯಾರಿಗೋ ಹುಷಾರಿಲ್ಲದ ಹೊತ್ತಿನಲ್ಲಿ ಹರಿದಾಗ, ಜನ ನಡುಗಿಹೋಗುತ್ತಾರೆ, ಅಪಶಕುನ ಅನ್ನುತ್ತಾರೆ. ಹರಿದ ಜಾಗ ನೋಡಿ. ಬಹುಪಾಲು ಮೇರುವಿನ ಪಕ್ಕದ ಮಣಿಗಳ ಹತ್ತಿರವೇ ಇರುತ್ತದೆ, ಯಾಕೆಂದರೆ ಪ್ರತಿ ಸುತ್ತಿನಲ್ಲೂ ತಿರುಗಿಸುವಾಗ ಜಗ್ಗುವುದು ಅಲ್ಲೇ. ಅದರ ಜೊತೆ ಬೆವರಿನ ಉಪ್ಪು, ತೂತಿನ ಒರಟು ಅಂಚು. ಕಷ್ಟಕಾಲದಲ್ಲಿ ಜಪ ಹೆಚ್ಚು ನಡೆಯುವುದರಿಂದ ನೂಲು ಸವೆಯುವುದೂ ಆಗಲೇ ಹೆಚ್ಚು. ದೇವರು ಮುನಿದು ನೂಲು ಹರಿಯುವುದಿಲ್ಲ. ನಡುವೆ ಗಂಟು ಇರುವ ಮಾಲೆ ಯಾಕೆ ಬೇಕು ಅನ್ನುವುದೂ ಇಲ್ಲೇ ತಿಳಿಯುತ್ತದೆ: ಗಂಟಿದ್ದರೆ ಒಂದೋ ಎರಡೋ ಮಣಿ ಬೀಳುತ್ತದೆ, ಇಲ್ಲದಿದ್ದರೆ 108ನ್ನೂ ಮಂಚದಡಿಯಲ್ಲಿ ಹುಡುಕಬೇಕು.

ಮತ್ತೆ ಪೋಣಿಸುವುದು ಒಂದು ಮಧ್ಯಾಹ್ನದ ಕೆಲಸ. 1 ಮಿಲಿಮೀಟರ್ ದಪ್ಪದ ಹುರಿ ಹಾಕಿದ ಹತ್ತಿನೂಲು 3 ಮೀಟರ್ ತೆಗೆದುಕೊಳ್ಳಿ. ಗಂಟುಗಳೇ ಒಂದು ಮೀಟರಿಗಿಂತ ಹೆಚ್ಚು ನುಂಗುತ್ತವೆ. ನೈಲಾನ್ ಬೇಡ, ಅದರ ಗಂಟು ಜಾರುತ್ತದೆ. ನೂಲಿನ ತುದಿ ಎರಡಂಗುಲ ಮೇಣದಲ್ಲಿ ಅದ್ದಿ ಒಣಗಿಸಿದರೆ ಅದೇ ಸೂಜಿಯಾಗುತ್ತದೆ. ಒಂದು ಗೇಣು ನೂಲು ಬಿಟ್ಟು ಮೊದಲ ಗಂಟು, ನಂತರ ಮಣಿ, ನಂತರ ಸಡಿಲ ಗಂಟು. ಆ ಸಡಿಲ ಗಂಟಿನ ಕಣ್ಣಿನೊಳಗೆ ದಪ್ಪ ಸೂಜಿ ತೂರಿಸಿ, ಸೂಜಿಯಿಂದಲೇ ಗಂಟನ್ನು ಮಣಿಯ ಬುಡಕ್ಕೆ ತಳ್ಳಿ, ಸೂಜಿ ಎಳೆದು ಬಿಗಿ ಮಾಡಿ. ಪೂರ್ತಿ ಅಂಟಿಸಿ ಬಿಗಿಯಬೇಡಿ, ಮಣಿ ಕೂದಲೆಳೆಯಷ್ಟು ಆಡುತ್ತಿರಬೇಕು. ಇಲ್ಲದಿದ್ದರೆ ಮಾಲೆ ಕಡ್ಡಿಯಂತೆ ನಿಂತುಬಿಡುತ್ತದೆ. ಕೊನೆಗೆ ಎರಡೂ ತುದಿ ಸೇರಿಸಿ ಮೇರುವಿನಲ್ಲಿ ತೂರಿಸಿ ಎರಡು ಗಂಟು ಹಾಕಿ. ಸೀಳಿದ ಮಣಿಗಳನ್ನು ತುಳಸಿಕಟ್ಟೆಯ ಮಣ್ಣಿಗೆ ಹಾಕಿದರೆ ಆಯಿತು.

ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟ ಮಾಲೆಗೆ ಬೂಷ್ಟು ಹಿಡಿಯುತ್ತದೆ. ಬಟ್ಟೆ ಚೀಲದಲ್ಲಿ ತೂಗುಹಾಕಿ, ನೆರಳಲ್ಲಿ ಗಾಳಿಯಾಡಿಸಿ. ನೀರಲ್ಲಿ ನೆನೆಹಾಕಿದರೆ ಮಣಿ ಬಿರಿಯುತ್ತದೆ. ಅಂಗೈಗೆ ಎರಡು ಹನಿ ಎಳ್ಳೆಣ್ಣೆ ಹಚ್ಚಿ ಮಾಲೆಯನ್ನು ಸವರುವುದು ವರ್ಷಕ್ಕೆ ಎರಡು ಸಲ ಸಾಕು.

ಉಳಿದವು ಚಿಕ್ಕದಾಗಿ. ರುದ್ರಾಕ್ಷಿ ಗಟ್ಟಿ, ತುಳಸಿಗಿಂತ ಬಾಳಿಕೆ ಹೆಚ್ಚು. ಶಿವಮಂತ್ರದವರಿಗೆ ಅದೇ ಸರಿ. ಜಪಕ್ಕೆ ಇಂಡೋನೇಷ್ಯಾದ ಸಣ್ಣ ಐದು ಮುಖದ್ದು ಸಾಕು, ನೇಪಾಳದ ದೊಡ್ಡ ಮಣಿ 108 ಆದರೆ ಕೈಯಲ್ಲಿ ಹಿಡಿಯುವಂತಿರುವುದಿಲ್ಲ. ನೀರಿನಲ್ಲಿ ಮುಳುಗಿದರೆ ಅಸಲಿ ಅನ್ನುವ ಪರೀಕ್ಷೆ ನಂಬಬೇಡಿ. ಒಣಗಿದ ಅಸಲಿ ಮಣಿ ತೇಲಬಹುದು, ಸೀಸ ತುಂಬಿದ ನಕಲಿ ಮುಳುಗಬಹುದು. ಸ್ಫಟಿಕ ತಂಪು, ನೋಡಲು ಚಂದ, ಆದರೆ ಭಾರ. ಒಳಗೆ ದುಂಡನೆಯ ಗುಳ್ಳೆ ಕಂಡರೆ ಗಾಜು. ಬೆರಳಿನ ಎಣಿಕೆ ಯಂತ್ರ ಬಸ್ಸಿನಲ್ಲಿ ಅನುಕೂಲ, ಆದರೆ ಗುಂಡಿ ಒತ್ತುವ ಕೈಗೆ ಎಲ್ಲಿ ಶುರು, ಎಲ್ಲಿ ಕೊನೆ ಎಂಬ ಸ್ಪರ್ಶವೇ ಇಲ್ಲ, ತಪ್ಪಿ ರೀಸೆಟ್ ಒತ್ತಿದರೆ ಎಲ್ಲ ಸೊನ್ನೆ. ಕ್ರೈಸ್ತರ 59 ಮಣಿಯ ಜಪಸರದಲ್ಲಿ ಹತ್ತರ ಗುಂಪುಗಳ ನಡುವೆ ಜಾಗ ಬಿಟ್ಟಿರುವುದೂ, ಮುಸ್ಲಿಮರ ತಸ್ಬೀಹ್‌ನ 99 ಮಣಿಯಲ್ಲಿ 33ಕ್ಕೊಂದು ಗುರುತು ಇರುವುದೂ ಬೆರಳಿಗೆ ಕಣ್ಣು ಕೊಡುವುದಕ್ಕೇ.

ಮಾಲೆಯೇ ಕೈಯಲ್ಲಿಲ್ಲದ ಹೊತ್ತಿಗೆ, ಐಸಿಯು ಹೊರಗಿನ ಬೆಂಚಿನ ಮೇಲೆ ಕೂತಾಗ, ಕರಮಾಲೆ ಇದೆ. ಬಲಗೈ ಉಂಗುರದ ಬೆರಳಿನ ನಡುಗೆಣ್ಣಿನ ಮೇಲೆ ಹೆಬ್ಬೆರಳಿಟ್ಟು ಒಂದು, ಅದರ ಬುಡ ಎರಡು. ಕಿರುಬೆರಳಿನ ಬುಡ, ನಡು, ತುದಿ: ಮೂರು, ನಾಲ್ಕು, ಐದು. ಉಂಗುರದ ಬೆರಳಿನ ತುದಿ ಆರು, ಮಧ್ಯದ ಬೆರಳಿನ ತುದಿ ಏಳು. ತೋರುಬೆರಳಿನ ತುದಿ, ನಡು, ಬುಡ: ಎಂಟು, ಒಂಬತ್ತು, ಹತ್ತು. ಮಧ್ಯದ ಬೆರಳಿನ ಉಳಿದ ಎರಡು ಗೆಣ್ಣು ಮೇರು, ಅವನ್ನು ಮುಟ್ಟುವಂತಿಲ್ಲ. ಹತ್ತು ಆದಾಗೊಮ್ಮೆ ಎಡಗೈಯಲ್ಲಿ ಅದೇ ಕ್ರಮದಲ್ಲಿ ಒಂದು ಗೆಣ್ಣು ಮುಂದೆ ಹೋಗಿ. ಎಡಗೈ ಹತ್ತು ತುಂಬಿದರೆ ನೂರು, ಮೇಲೆ ಬಲಗೈಯಲ್ಲಿ ಎಂಟು.