ಹಳೆ ಪಿಕಪ್‌ನ ಬಾಗಿಲು ಮತ್ತು ಗಾಳಿ ಸದ್ದು: ಸ್ಪಾಂಜ್ ಟೇಪ್, ಅಂಟು ರಬ್ಬರ್, ಲೇತ್ ಕೆಲಸ – ಮೂರನ್ನೂ ಮಾಡಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ. ಹಳೆ ಪಿಕಪ್‌ನ ಬಾಗಿಲ ಸಂದಿಯಿಂದ ಗಾಳಿ ಸುಯ್ ಅನ್ನುತ್ತಿದ್ದರೆ ಮೊದಲು ಲೇತ್ ಅಂಗಡಿಗೆ ಹೋಗಿ. ರಬ್ಬರ್ ಅಂಗಡಿ ಆಮೇಲೆ. ನಾನು ಉಲ್ಟಾ ಮಾಡಿದೆ. ಅದರಿಂದ ಎರಡು ಸಾವಿರಕ್ಕಿಂತ ಜಾಸ್ತಿ ದುಡ್ಡು ಹೋಯಿತು, ಒಂದು ಮಳೆಗಾಲವೂ ಹೋಯಿತು.

ನಮ್ಮದು 1993ರ ಟಾಟಾಮೊಬೈಲ್ 206. ಅಪ್ಪ ಸಕಲೇಶಪುರದ ತೋಟಕ್ಕೆ ಅಂತ ತೆಗೆದುಕೊಂಡಿದ್ದು. ಟೆಲ್ಕೊ (ಟಾಟಾ ಮೋಟಾರ್ಸ್‌ನ ಹಳೆ ಹೆಸರು) 1988ರಲ್ಲಿ ಹೊರತಂದ ಗಾಡಿ ಇದು. ಆಮೇಲೆ ಬಂದ ಸಿಯೆರಾ, ಎಸ್ಟೇಟ್ ಕಾರುಗಳೆರಡಕ್ಕೂ ಇದೇ ಬುನಾದಿ. ಸರ್ಕಾರದ 2021ರ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳಲು 50 ವರ್ಷ ದಾಟಿರಬೇಕು, ಹಾಗಾಗಿ ಕಾಗದದ ಮೇಲೆ ಇದು ಇನ್ನೂ ವಿಂಟೇಜ್ ಅಲ್ಲ. ನಮ್ಮ ಮನೆಯಲ್ಲಿ ಮಾತ್ರ ಇದು ಅಪ್ಪನ ಗಾಡಿ. ಮಾರುವ ಮಾತೇ ಇಲ್ಲ.

ಬಾಗಿಲು ಕೆಟ್ಟಿದ್ದಕ್ಕೆ ಗಾಡಿಯನ್ನು ದೂರುವುದಿಲ್ಲ. ಮೂವತ್ತು ವರ್ಷ ತೋಟದ ಕೆಲಸದವರೆಲ್ಲ ಆ ಬಾಗಿಲನ್ನೇ ಹಿಡಿದು ಹತ್ತಿ ಇಳಿದಿದ್ದಾರೆ. ಯಾವ ಬಾಗಿಲಾದರೂ ಜೋತು ಬೀಳುತ್ತೆ, ಅಲ್ವಾ? ಬೆಂಗಳೂರಿನ ದಾರಿಯಲ್ಲಿ ವೇಗ 60 ದಾಟಿದರೆ ಬಲಗಿವಿಯ ಹತ್ತಿರ ಸದ್ದು ಶುರುವಾಗುತ್ತಿತ್ತು. 70ಕ್ಕೆ ಹೋದರೆ ಪಕ್ಕದ ಸೀಟಿನ ಮಾತು ಕೇಳುತ್ತಿರಲಿಲ್ಲ. ಫೋನ್ ಬಂದರೆ ನಮ್ಮ ಮನೆಯವರು "ಸ್ವಲ್ಪ ನಿಲ್ಸಿ" ಅನ್ನುತ್ತಿದ್ದರು.

ಸ್ಪಾಂಜ್ ಟೇಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ 180 ರೂಪಾಯಿ. ಮೂರು ವಾರ ಚೆನ್ನಾಗಿತ್ತು. ಜೂನ್ ಮಳೆ ಹಿಡಿದ ಮೇಲೆ ನೀರು ಕುಡಿದು ಉಬ್ಬಿತು. ಮಳೆ ನಿಂತ ಮೇಲೂ ಒಣಗಲಿಲ್ಲ. ಮಲೆನಾಡಿನ ಮಳೆಗೆ ಅದು ಆಗುವ ಮಾತಲ್ಲ.

ಅಂಟು ರಬ್ಬರಿನ ಕಥೆಯನ್ನು ಮಾತ್ರ ಪೂರ್ತಿ ಹೇಳಲೇಬೇಕು.

ಇದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಇಂಗ್ಲಿಷಿನ ಡಿ ಅಕ್ಷರದ ಆಕಾರ, ಒಳಗೆ ಟೊಳ್ಳು, ಹಿಂದೆ ಅಂಟು. ಎಲ್ಲ ಗಾಡಿಗೂ ಆಗುತ್ತೆ ಅಂತ ಬರೆದಿತ್ತು. 1,350 ರೂಪಾಯಿ ಕೊಟ್ಟೆ. ದಪ್ಪ ಇದ್ದಷ್ಟೂ ಗಾಳಿ ತಡೆಯುತ್ತೆ ಅಂದುಕೊಂಡು 14 ಮಿಲಿಮೀಟರ್‌ನದ್ದನ್ನೇ ಆರಿಸಿದ್ದೆ. ತಪ್ಪು ಅಲ್ಲೇ ಆಯಿತು.

ಅಂಟಿಸಿದ ಮೇಲೆ ಬಾಗಿಲು ಹಾಕಿಕೊಳ್ಳಲೇ ಇಲ್ಲ. ಲಾಕಿಗೆ ಎರಡು ಹಂತ ಇರುತ್ತೆ. ನಮ್ಮದು ಮೊದಲ ಹಂತಕ್ಕೇ ನಿಲ್ಲುತ್ತಿತ್ತು. ಹಾಗೆ ಓಡಿಸುವುದು ಅಪಾಯ. ಜೋರಾಗಿ ಬಡಿದು ಬಡಿದು ಹಾಕಬೇಕಾಯಿತು, ನಾಲ್ಕು ದಿನ ಬಡಿದಿದ್ದಕ್ಕೆ ಗಾಜು ತಾನು ಏರಿಳಿಯುವ ಚಾನೆಲ್‌ನಿಂದ ಜಾರಿತು. ಆಗ ಸ್ಟ್ರೈಕರ್, ಅಂದರೆ ಲಾಕ್ ಹೋಗಿ ಕಚ್ಚಿಕೊಳ್ಳುವ ಕೊಂಡಿಯನ್ನು ಸ್ವಲ್ಪ ಹೊರಗೆ ಸರಿಸಿದೆ. ಬಾಗಿಲೇನೋ ಹಾಕಿಕೊಂಡಿತು. ಆದರೆ ಅದರ ಹಿಂದಿನ ಅಂಚು ಬಾಡಿಗಿಂತ ನಾಲ್ಕೈದು ಮಿಲಿಮೀಟರ್ ಹೊರಗೆ ನಿಂತಿತು.

ಬೆಂಗಳೂರಿಗೆ ಹೊರಟರೆ ಸದ್ದು ಮೊದಲಿಗಿಂತ ಜಾಸ್ತಿ! ಯಾಕೆ ಅಂತ ಆಮೇಲೆ ಅರ್ಥವಾಯಿತು. ಬಾಗಿಲನ್ನು ಹಿಡಿದಿಡುವುದು ಮುಂದೆ ಹಿಂಜ್ (ಬಾಗಿಲ ಕೀಲು), ಹಿಂದೆ ನಡುಮಟ್ಟದಲ್ಲಿ ಲಾಕ್. ಮೇಲಿನ ಗಾಜಿನ ಫ್ರೇಮಿಗೆ ಯಾವ ಹಿಡಿತವೂ ಇಲ್ಲ, ತನ್ನ ಗಟ್ಟಿತನದ ಮೇಲೇ ನಿಂತಿರುತ್ತೆ. ದಪ್ಪ ರಬ್ಬರ್ ಒಳಗಿಂದ ಒತ್ತಿದರೆ ಮೊದಲು ಹೊರಗೆ ಬಾಗುವುದು ಅದೇ. ಜೊತೆಗೆ ಗಾಡಿ ಓಡುವಾಗ ಮುಂದಿನ ಗಾಜಿನ ಕಂಬವನ್ನು ಸುತ್ತಿಕೊಂಡು ಬರುವ ಗಾಳಿ ಪಕ್ಕದಲ್ಲಿ ಒತ್ತಡ ಕಡಿಮೆ ಮಾಡುತ್ತೆ. ಫ್ರೇಮನ್ನು ಹೊರಕ್ಕೆ ಎಳೆಯುತ್ತೆ. ಒಳಗಿಂದ ರಬ್ಬರ್ ತಳ್ಳುತ್ತೆ, ಹೊರಗಿಂದ ಗಾಳಿ ಎಳೆಯುತ್ತೆ. ಮೇಲಿನ ಮೂಲೆಯಲ್ಲಿ ಬೆರಳು ತೂರುವಷ್ಟು ಸಂದಿ ಬಿಟ್ಟಿತ್ತು.

ಕೀಳುವುದು ಇನ್ನೊಂದು ಕಷ್ಟ. ರಬ್ಬರ್ ಬಂತು, ಅಂಟು ಬರಲಿಲ್ಲ. ಸೀಮೆಎಣ್ಣೆ ಹಚ್ಚಿ ಉಜ್ಜಿದೆ. ಕೂದಲು ಒಣಗಿಸುವ ಮಷಿನ್ ಹಿಡಿದು ಮೆತ್ತಗೆ ಮಾಡಿದೆ. ಕೊನೆಗೆ ಥಿನ್ನರ್ ಹಾಕಿದ್ದಕ್ಕೆ ಅಂಟಿನ ಜೊತೆ ಅಪ್ಪನ ಕಾಲದ ಪೇಂಟೂ ಎದ್ದು ಬಂತು. ಅದನ್ನು ನೋಡಿ ನಿಜವಾಗಲೂ ಬೇಜಾರಾಯಿತು. ಎರಡು ಭಾನುವಾರ ಅದಕ್ಕೇ ಹೋಯಿತು. ಬರಿ ತಗಡಿಗೆ ತುಕ್ಕು ಹಿಡಿಯದ ಹಾಗೆ ರೆಡ್ ಆಕ್ಸೈಡ್, ಅದರ ಮೇಲೆ ಪೇಂಟ್ ಅಂತ ಇನ್ನೂ 700 ರೂಪಾಯಿ.

ಹಾಸನದ ಒಬ್ಬರು ಲೇತ್ ಮೇಸ್ತ್ರಿ ಹತ್ತಿರ ಬೇರೆ ಕೆಲಸಕ್ಕೆ ಹೋಗಿದ್ದಾಗ ಈ ಮಾತು ಬಂತು. "ರಬ್ಬರ್ ಆಮೇಲೆ ಹಾಕ್ಕೊಳ್ಳಿ ಸಾರ್. ಮೊದ್ಲು ಬಾಗ್ಲು ಅರ್ಧ ತೆಗ್ದು ಕೆಳಗಿಂದ ಎತ್ತಿ ನೋಡಿ" ಅಂದರು. ಎತ್ತಿದೆ. ಕಟಕ್ ಅಂತ ಮೇಲೆ ಬಂತು. ಹಿಂಜಿನ ಪಿನ್ ಸವೆದು, ತೂತು ಮೊಟ್ಟೆ ಆಕಾರ ಆಗಿತ್ತು.

ಇದರ ಲೆಕ್ಕ ಸುಲಭ. ಎರಡು ಹಿಂಜುಗಳ ನಡುವೆ ಒಂದೂಕಾಲು ಅಡಿ ಅಂದುಕೊಳ್ಳಿ. ಬಾಗಿಲಿನ ಉದ್ದ ಮೂರು ಅಡಿಗೂ ಜಾಸ್ತಿ. ಹಿಂಜಿನಲ್ಲಿ ಒಂದು ಮಿಲಿಮೀಟರ್ ಆಟ ಇದ್ದರೆ ಲಾಕಿನ ಕಡೆ ಎರಡೂವರೆ ಮಿಲಿಮೀಟರ್ ಕೆಳಗೆ ಬೀಳುತ್ತೆ. ಅಷ್ಟು ಬಿದ್ದ ಬಾಗಿಲಿಗೆ ಯಾವ ರಬ್ಬರ್ ಹಾಕಿದರೂ ಒಂದು ಕಡೆ ಜಜ್ಜಿಹೋಗುತ್ತೆ, ಇನ್ನೊಂದು ಕಡೆ ಮುಟ್ಟುವುದೇ ಇಲ್ಲ.

ಮಾಡಿಸಿದ ಕೆಲಸ ಇಷ್ಟು. ಮೊದಲು ಕ್ಯಾಬಿನ್ ಕೆಳಗಿನ ಮೌಂಟಿಂಗ್ ರಬ್ಬರ್ ನೋಡಿಸಿದೆ. ಅದು ಕುಸಿದಿದ್ದರೆ ಕ್ಯಾಬಿನ್ನೇ ವಾಲಿ ಬಾಗಿಲ ಸಂದಿ ಬದಲಾಗುತ್ತೆ. ನಮ್ಮದು ಸರಿ ಇತ್ತು. ಆಮೇಲೆ ಹಿಂಜ್ ಕೂತಿದ್ದ ಜಾಗಕ್ಕೆ ಸುತ್ತ ಗೀಟು ಹಾಕಿ, ಇಬ್ಬರು ಹಿಡಿದು ಬಾಗಿಲು ಇಳಿಸಿದೆವು. ಮೇಸ್ತ್ರಿ ತೂತನ್ನು ದುಂಡಗೆ ಕೊರೆದು, ಗನ್‌ಮೆಟಲ್ ಬುಷ್ (ತೂತಿನೊಳಗೆ ಕೂರುವ ಲೋಹದ ಬಳೆ) ಹೊಡೆದು, ಅದಕ್ಕೆ ಸರಿಯಾದ ಹೊಸ ಪಿನ್ ತಿರುಗಿಸಿಕೊಟ್ಟರು. ಎರಡೂ ಬಾಗಿಲಿಗೆ ಸೇರಿ 2,400. ಇಳಿಸಿ ಕೂರಿಸಿದ್ದಕ್ಕೆ ತಗಡಿನ ಕೆಲಸ ಮಾಡುವ ಟಿಂಕರ್‌ಗೆ 1,200.

ಬಾಗಿಲು ಕೂರಿಸುವಾಗ ಸ್ಟ್ರೈಕರನ್ನು ಪೂರ್ತಿ ಬಿಚ್ಚಿಡಬೇಕು. ಇದನ್ನು ಯಾರೂ ಹೇಳಿರಲಿಲ್ಲ, ಮೇಸ್ತ್ರಿಯೇ ಹೇಳಿದ್ದು. ಸ್ಟ್ರೈಕರ್ ಇದ್ದರೆ ಅದು ಬಿದ್ದ ಬಾಗಿಲನ್ನು ಎತ್ತಿ ಹಿಡಿದು ಎಲ್ಲ ಸರಿ ಇದೆ ಅನ್ನುವ ಹಾಗೆ ತೋರಿಸುತ್ತೆ. ಅದಿಲ್ಲದೆ ಮೆಲ್ಲಗೆ ಹಾಕಿ, ಸುತ್ತಲೂ ಸಂದಿ ಒಂದೇ ಸಮ ಇದೆಯಾ ನೋಡಿ, ಹಿಂಜ್ ಬಿಗಿ ಮಾಡಿ, ಕೊನೆಗೆ ಸ್ಟ್ರೈಕರನ್ನು ಲಾಕಿನ ಎತ್ತರಕ್ಕೆ ತರಬೇಕು. ಹೆಚ್ಚಿನವರು ಬಾಗಿಲು ಬಿದ್ದಷ್ಟೂ ಸ್ಟ್ರೈಕರನ್ನು ಕೆಳಗೆ ಇಳಿಸುತ್ತಾ ಹೋಗುತ್ತಾರೆ. ನಮ್ಮ ಗಾಡಿಗೂ ಹಿಂದೆ ಯಾರೋ ಹಾಗೇ ಮಾಡಿದ್ದ ಗುರುತು ಇತ್ತು.

ಇಷ್ಟಾದ ಮೇಲೆ ಒಂದು ಬೆರಳಲ್ಲಿ ತಳ್ಳಿದರೆ ಬಾಗಿಲು ಹಾಕಿಕೊಂಡಿತು. ಹಳೆಯ ಗಟ್ಟಿಯಾದ ಬೀಡಿಂಗ್, ಅಂದರೆ ಬಾಗಿಲ ಸುತ್ತಿನ ರಬ್ಬರ್ ಪಟ್ಟಿ ಇದ್ದರೂ ಅರ್ಧಕ್ಕಿಂತ ಜಾಸ್ತಿ ಸದ್ದು ಹೋಯಿತು. ಬೀಡಿಂಗಿಗೆ ಅಂತ ಬೆಂಗಳೂರಿನಲ್ಲಿ ಗಾಡಿ ಬಿಡಿಭಾಗ ಸಿಗುವ ಜೆ.ಸಿ. ರೋಡ್‌ಗೆ ಹೋದೆ. ಹಳೆಯದರ ಒಂದು ಗೇಣು ತುಂಡನ್ನು ಜೇಬಲ್ಲಿ ಇಟ್ಟುಕೊಂಡು ಹೋಗಿದ್ದೆ. ಅದೇ ದಪ್ಪದ ಇಪಿಡಿಎಂ (ಬಿಸಿಲು ಮಳೆ ತಡೆಯುವ) ರಬ್ಬರ್, ಒಳಗೆ ಸ್ಟೀಲ್ ಪಟ್ಟಿ, ತಗಡಿನ ಅಂಚಿಗೆ ತಾನೇ ಕಚ್ಚಿಕೊಳ್ಳುವಂಥದ್ದು. ಅಂಟು ಬೇಡ. ಮೀಟರ್‌ಗೆ 150, ಎಂಟು ಮೀಟರ್ ತೆಗೆದುಕೊಂಡೆ. ಎರಡು ತುದಿ ಸೇರುವ ಜಾಗವನ್ನು ಕೆಳಗಡೆ ಬರುವ ಹಾಗೆ ಇಡಿ. ಮೇಲಿಟ್ಟರೆ ಮಳೆನೀರು ಅಲ್ಲಿಂದಲೇ ಇಳಿಯುತ್ತೆ.

ಪರೀಕ್ಷೆಗೆ ಸೀಮೆಸುಣ್ಣ ಸಾಕು. ಬೀಡಿಂಗ್ ಮೇಲೆ ಉಜ್ಜಿ, ಬಾಗಿಲು ಹಾಕಿ ತೆಗೆಯಿರಿ. ಬಾಗಿಲಿನ ಮೇಲೆ ಬಿಳಿ ಗೀಟು ಎಲ್ಲಿ ತಪ್ಪಿದೆಯೋ ಅಲ್ಲಿ ಗಾಳಿಗೆ ದಾರಿ ಇದೆ ಅಂತ ಅರ್ಥ. ನಮ್ಮ ಬಲ ಬಾಗಿಲಿಗೆ ಮೇಲಿನ ಮೂಲೆಯಲ್ಲಿ ಒಂದು ಗೇಣು ತಪ್ಪಿತ್ತು. ಟಿಂಕರ್ ನಡುವೆ ಮರದ ತುಂಡು ಕೊಟ್ಟು, ಫ್ರೇಮನ್ನು ಮೆಲ್ಲಗೆ ಒಳಗೆ ಬಗ್ಗಿಸಿದರು. ಐದು ನಿಮಿಷದ ಕೆಲಸ. ಆದರೆ ಹಿಂಜ್ ಸರಿ ಮಾಡದೆ ಯಾರಾದರೂ ನೇರವಾಗಿ ಬಗ್ಗಿಸಲು ಬಂದರೆ ಬಿಡಬೇಡಿ.

ಗಾಜಿನ ಚಾನೆಲ್ ರಬ್ಬರ್ ಹಳೆಯದಾಗಿದ್ದರೆ ಅದನ್ನೂ ಬದಲಿಸಿ. ಬಾಗಿಲ ಒಳಗೆ ಅಂಟಿಸುವ ಡ್ಯಾಂಪಿಂಗ್ ಶೀಟ್ ತಗಡಿನ ನಡುಕಕ್ಕೆ ಒಳ್ಳೆಯದು, ಸಂದಿಯ ಗಾಳಿಗೆ ಅದರಿಂದ ಏನೂ ಆಗಲ್ಲ.

ನನಗೆ ಬಿದ್ದ ಖರ್ಚು 4,800. ಸ್ಪಾಂಜ್, ಅಂಟು ರಬ್ಬರ್, ಪೇಂಟ್ ಎಲ್ಲ ಸೇರಿ ಸುಮ್ನೆ ಹೋಗಿದ್ದು 2,230. ನಾನು ತಿಂಗಳಿಗೆ ಒಂದೆರಡು ಸಲ ಬೆಂಗಳೂರಿಗೆ ಹೋಗುವವನು, ಗಾಡಿಯನ್ನು ಇನ್ನೂ ವರ್ಷಗಟ್ಟಲೆ ಇಟ್ಟುಕೊಳ್ಳುವವನು. ನನ್ನ ಮಟ್ಟಿಗೆ ಲೇತ್ ಕೆಲಸ, ಅದರ ಮೇಲೆ ಸ್ಟೀಲ್ ಪಟ್ಟಿಯ ಬೀಡಿಂಗ್, ಇದೇ ಸರಿ. ನಿಮ್ಮ ಗಾಡಿ ತೋಟ ಬಿಟ್ಟು ಹೊರಗೆ ಹೋಗುವುದೇ ಇಲ್ಲ ಅಂದರೆ ಹಿಂಜ್ ಮಾತ್ರ ಮಾಡಿಸಿ, ಬೀಡಿಂಗ್ ಮುಂದಿನ ವರ್ಷ ನೋಡಿಕೊಳ್ಳಬಹುದು. ಕೈಲಿ ಈಗ ದುಡ್ಡೇ ಇಲ್ಲವಾದರೆ ಮಾಸ್ಕಿಂಗ್ ಟೇಪ್ ತನ್ನಿ. ಹೊರಗಿನಿಂದ ಬಾಗಿಲ ಸಂದಿಗೆಲ್ಲ ಅಂಟಿಸಿ ಓಡಿಸಿ, ಆಮೇಲೆ ಒಂದೊಂದೇ ಪಟ್ಟಿ ಕಿತ್ತು ಮತ್ತೆ ಓಡಿಸಿ. ಯಾವ ಪಟ್ಟಿ ಕಿತ್ತಾಗ ಸದ್ದು ಬಂತೋ ಜಾಗ ಅದೇ.

ಈಗ 70ರಲ್ಲಿ ಇಬ್ಬರೂ ಮಾಮೂಲಿ ದನಿಯಲ್ಲಿ ಮಾತಾಡುತ್ತೇವೆ. ಎಡ ಬಾಗಿಲಿನ ಮೇಲ್ಮೂಲೆಯಲ್ಲಿ 75 ದಾಟಿದರೆ ಸಣ್ಣ ಸೀಟಿ ಇನ್ನೂ ಇದೆ. ಆ ಕಡೆಯ ಫ್ರೇಮನ್ನೂ ಬಗ್ಗಿಸಬೇಕು. ಹಾಗೆ ಮಾಡಿದರೆ ಅಲ್ಲಿ ಪೇಂಟ್ ಬಿರುಕು ಬಿಡುತ್ತೆ, ಈ ಮಳೆಯಲ್ಲಿ ಹೊಸ ಪೇಂಟ್ ಒಣಗಲ್ಲ. ಅದನ್ನು ದೀಪಾವಳಿ ಕಳೆದ ಮೇಲೆ ಮಾಡಿಸುತ್ತೇನೆ.