ಒಂದೇ ಗಾಡಿ, ಮೂರು ಇಂಜಿನ್: ಉದ್ಯಮಬಾಗದಲ್ಲಿ ಓಡಿಸಿ ನೋಡಿದ್ದು

ರಿಮೋಟಿನಲ್ಲಿ ಓಡಿಸುವ, ನೈಟ್ರೊ ಇಂಧನದ ನಮ್ಮ ಪುಟ್ಟ ಮಾದರಿ ಗಾಡಿಯ ಇಂಜಿನ್ ಮುಗಿಯಿತು ಎಂದು ಮೊದಲು ಗೊತ್ತಾದದ್ದು ನನ್ನ ಹೆಬ್ಬೆರಳಿಗೆ. ಇಂಧನ ಹೊತ್ತಿಸುವ ಗ್ಲೋ ಪ್ಲಗ್ ಬಿಚ್ಚಿ ಫ್ಲೈವೀಲ್ ತಿರುವಿದರೆ, ಪಿಸ್ಟನ್ ತುದಿ ಮುಟ್ಟುವಾಗ ಗಟ್ಟಿಯಾಗಿ ಕಚ್ಚಬೇಕು. ನಮ್ಮದು ಬೆಣ್ಣೆಯಲ್ಲಿ ಜಾರಿದ ಹಾಗೆ ಜಾರಿತು. ಜೊತೆಗಿದ್ದ ನಮ್ಮ ಅಕ್ಕನ ಮಗ ಆ ಹೊತ್ತಿಗೇ ಕಾದಿದ್ದವನಂತೆ, "ಮಾಮಾ, ಇನ್ನ ಪಾಯಿಂಟ್ ಟ್ವೆಂಟಿವನ್ ಹಾಕೇ ಬಿಡೂಣು" ಅಂದ.

ಗಾಡಿ 1/10 ಅಳತೆಯ ಫೋರ್ ವೀಲ್ ಡ್ರೈವ್ ಬಗ್ಗಿ. ಬಂದಾಗಿನಿಂದ ಅದರಲ್ಲಿದ್ದದ್ದು .18 ಇಂಜಿನ್, ಅಂದರೆ 0.18 ಘನ ಇಂಚು, ಸುಮಾರು 2.95 ಸಿಸಿ. .21 ಅಂದರೆ 3.44 ಸಿಸಿ. ಅರ್ಧ ಸಿಸಿ ಫರಕು ಅಷ್ಟೇ, ಆದರೆ ಅದಕ್ಕಾಗಿ ನಾನು ಪಟ್ಟ ಪಾಡು ಸಣ್ಣದಲ್ಲ. ಎಂಟು ತಿಂಗಳಲ್ಲಿ ಅದೇ ಗಾಡಿಗೆ ಮೂರು ಇಂಜಿನ್ ಕೂರಿಸಿ, ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ನಮ್ಮ ಶೆಡ್ಡಿನ ಹಿಂದಿನ ಖಾಲಿ ಪ್ಲಾಟಿನಲ್ಲಿ ಸೂಟಿ ದಿನ ಓಡಿಸಿ ನೋಡಿದೆ. ಒಂದು, ಹಳೆಯದಕ್ಕೇ ಹೊಸ ಪಿಸ್ಟನ್-ಸ್ಲೀವ್-ಕನೆಕ್ಟಿಂಗ್ ರಾಡ್ ಸೆಟ್. ಎರಡು, ಅದೇ ಅಳತೆಯ ಒಳ್ಳೆಯ ದರ್ಜೆಯ .18. ಮೂರು, ಅಳಿಯನ .21.

ಹಳೆಯದರಿಂದ ಶುರು ಮಾಡುತ್ತೇನೆ, ಯಾಕೆಂದರೆ ಕಲಿತದ್ದೆಲ್ಲ ಅದರಿಂದಲೇ. ನಾನು ದಿನವಿಡೀ ಲೇತ್ ಮುಂದೆ ನಿಲ್ಲುವವನು. ಸ್ಲೀವ್ ಅಂದರೆ ಪಿಸ್ಟನ್ ಓಡಾಡುವ ಕೊಳವೆ; ಹೊಸದು ಕೈಗೆ ಬಂದ ಕೂಡಲೇ ಒಳವ್ಯಾಸ ಅಳೆಯುವ ಬೋರ್ ಗೇಜ್ ಇಟ್ಟೆ. ಮೇಲಿನ ಬಾಯಿ ಕೆಳಗಿನದಕ್ಕಿಂತ ಸಣ್ಣದು! ನಮ್ಮಲ್ಲಿ ಇಂಥ ಟೇಪರ್ ಬಂದರೆ ಜಾಬ್ ರಿಜೆಕ್ಟ್. ಆದರೆ ಇಲ್ಲಿ ಬೇಕೆಂದೇ ಹಾಗೆ ಮಾಡಿರುತ್ತಾರೆ. ಸ್ಲೀವ್ ಹಿತ್ತಾಳೆಯದು, ಒಳಗೆ ಕ್ರೋಮ್ ಲೇಪ. ಪಿಸ್ಟನ್ ಅಲ್ಯೂಮಿನಿಯಂ, ಅದಕ್ಕೆ ರಿಂಗ್ ಇಲ್ಲ. ಇಂಜಿನ್ ಕಾದಾಗ ಮೇಲಿನ ಭಾಗ ಹೆಚ್ಚು ಹಿಗ್ಗಿ, ಬೋರ್ ನೆಟ್ಟಗಾಗಿ, ಫಿಟ್ ಬರೋಬ್ಬರಿ ಆಗುತ್ತದೆ. ತಣ್ಣಗಿದ್ದಾಗ ಓಡಿಸಿದರೆ ಪಿಸ್ಟನ್ ಪ್ರತಿ ಸುತ್ತಿಗೂ ಆ ಇಕ್ಕಟ್ಟಿನೊಳಗೆ ನುಗ್ಗಿ ತನ್ನನ್ನೇ ತೇಯ್ದುಕೊಳ್ಳುತ್ತದೆ. ಈ ಇಂಜಿನ್ ಮೊದಲು ಹೊಸದಾಗಿದ್ದಾಗ ಕಾಯಬಾರದು ಎಂದು ಹೆದರಿ, ಹೊಗೆ ಉಗುಳುವಷ್ಟು ಇಂಧನ ಕೊಟ್ಟು, ಟ್ಯಾಂಕ್ ಮೇಲೆ ಟ್ಯಾಂಕ್ ತಣ್ಣಗೇ ಓಡಿಸಿದ್ದೆ. ಕೊಂದವನು ನಾನೇ.

ಈ ಸಲ ಹೆಂಡತಿಯ ಹೇರ್ ಡ್ರೈಯರ್ ತಂದು ಹೆಡ್ ಕಾಯಿಸಿ ಸ್ಟಾರ್ಟ್ ಮಾಡಿದೆ. ಹಗ್ಗ ಎಳೆಯುವುದು ಅರ್ಧಕ್ಕರ್ಧ ಹಗುರ. ಒಂದೊಂದು ಟ್ಯಾಂಕ್‌ಗೆ ಹೆಡ್ಡನ್ನು 95 ಡಿಗ್ರಿ ಸೆಲ್ಸಿಯಸ್ ದಾಟಿಸಿ, ಪಿಸ್ಟನ್ ಕೆಳಗಿಳಿಸಿಟ್ಟು ಪೂರಾ ಆರಲು ಬಿಟ್ಟೆ. ಹೀಗೆ ಐದು ಟ್ಯಾಂಕ್ ಆಯಿತು. ಆದರೂ ಐಡ್ಲ್, ಅಂದರೆ ಥ್ರಾಟಲ್ ಒತ್ತದಾಗಿನ ನಿಧಾನ ಓಟ, ಹದಕ್ಕೆ ಬರಲಿಲ್ಲ. ಥ್ರಾಟಲ್ ಬಿಟ್ಟ ಮೇಲೂ ಇಂಜಿನ್ ಒಂದು ಕ್ಷಣ ಕೂಗುತ್ತಲೇ ಇರುತ್ತಿತ್ತು. ಇಂಧನದ ಅಳತೆ ಹೊಂದಿಸುವ ನೀಡಲ್ ಸ್ಕ್ರೂ ತಿರುವಿ ತಿರುವಿ ಬೆರಳು ನೊಂದಿತು. ಕಡೆಗೆ ಎಕ್ಸಾಸ್ಟಿಗೆ ರಬ್ಬರ್ ಬೂಚು ಹಾಕಿ, ಕಾರ್ಬುರೇಟರ್ ಬಾಯಿಗೆ ನಳಿಕೆ ಕೂರಿಸಿ ಊದುತ್ತ ಸೀಮೆಎಣ್ಣೆ ಬಟ್ಟಲಲ್ಲಿ ಅದ್ದಿದೆ. ಕಾರ್ಬುರೇಟರ್ ಕುತ್ತಿಗೆಯ ಸುತ್ತ ಸಾಬೂದಾಣಿ ಕಾಳಿನಂಥ ಗುಳ್ಳೆ ಎದ್ದವು. ಗಾಳಿ ಸೋರುತ್ತಿದ್ದದ್ದು ಅಲ್ಲೇ: ಸಂದು ಮುಚ್ಚುವ ರಬ್ಬರ್ ಬಳೆ, ಓ-ರಿಂಗ್, ಒಣಗಿ ಕಲ್ಲಾಗಿತ್ತು. ಹೈಡ್ರಾಲಿಕ್ ಸಿಲಿಂಡರ್ ಮಾಡುವ ಊರಲ್ಲಿ ಓ-ರಿಂಗಿಗೆ ಬರವೇ? ಪಕ್ಕದ ಶೆಡ್ಡಿನವರು ನೈಟ್ರೈಲ್ ರಬ್ಬರಿನದೊಂದು ಪುಕ್ಕಟೆ ಕೊಟ್ಟರು. ಐಡ್ಲ್ ಅವತ್ತೇ ಹದಕ್ಕೆ ಬಂತು.

ಎರಡನೆಯದರ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಅದೇ ಅದರ ಗುಣ. .12ರಿಂದ .18ರವರೆಗಿನವು ಸಾಮಾನ್ಯವಾಗಿ ಸಣ್ಣ ಕೇಸಿನವು, ಅಂದರೆ ಇಂಜಿನ್ನಿನ ಹೊರಮೈ ಸಣ್ಣದು, ಹಾಗಾಗಿ ಅದೇ ಮೌಂಟು, ಅದೇ ಕ್ಲಚ್, ಅದೇ ಸೈಲೆನ್ಸರ್ ನಡೆದವು. ಒಂದು ಸಂಜೆಯ ಕೆಲಸ. ಒಂದೇ ಎಚ್ಚರ: ಜೊತೆಗೆ ಬಂದ ಪುಸ್ತಕದ ನೀಡಲ್ ಲೆಕ್ಕವನ್ನು ಕಣ್ಣುಮುಚ್ಚಿ ನಂಬಬಾರದು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ, ಗಾಳಿ ತುಸು ತೆಳು. ಇಂಧನವೂ ಅಷ್ಟೇ ಕಡಿಮೆ ಬೇಕು. ಹೈ-ಸ್ಪೀಡ್ ನೀಡಲನ್ನು ಸ್ವಲ್ಪ ಸ್ವಲ್ಪವೇ ಒಳಕ್ಕೆ ತಿರುವುತ್ತ ಹೋಗಿ 105-110 ಡಿಗ್ರಿಯಲ್ಲಿ ನಿಲ್ಲಿಸಿದೆ. ಆಮೇಲೆ ಎರಡು ತಿಂಗಳು ಸ್ಕ್ರೂಡ್ರೈವರ್ ಮುಟ್ಟಲಿಲ್ಲ.

.21 ಮಾತ್ರ ಪುರಾಣ. ಅದರ ಕೇಸ್ ದೊಡ್ಡದು, ಹಳೆಯ ಮೌಂಟಿನಲ್ಲಿ ಕೂರುವುದಿಲ್ಲ. ಅಲ್ಯೂಮಿನಿಯಂ ಬಾರ್ ಕೊರೆದು ಹೊಸ ಮೌಂಟ್ ಮಾಡಿದೆ. ಎಕ್ಸಾಸ್ಟ್ ಪಕ್ಕಕ್ಕಲ್ಲ, ಹಿಂದಕ್ಕೆ. ಪೈಪ್ ಹೊಸದಾಗಿ ತಿರುಗಿಸಬೇಕಾಯಿತು. ಎಳೆಯುವ ಹಗ್ಗವೂ ಇಲ್ಲ, ಸ್ಟಾರ್ಟರ್ ಬಾಕ್ಸ್ ಬೇಕು. ಅದರ ಗಾಲಿ ಫ್ಲೈವೀಲ್ ಮುಟ್ಟಲೆಂದು ಚಾಸಿಗೆ ಕಿಂಡಿ ಕೊರೆದೆ. ಸ್ಟಾರ್ಟ್ ಆದಾಗಿನ ಆ ದನಿ ಕೇಳಿ, ಖರೆ ಹೇಳುತ್ತೇನೆ, ನನಗೂ ಮೈ ಜುಮ್ಮೆಂದಿತು. ಥ್ರಾಟಲ್ ಒತ್ತಿದರೆ ಮುಂದಿನ ಗಾಲಿ ನೆಲ ಬಿಡುತ್ತಿದ್ದವು. ಎರಡನೇ ಟ್ಯಾಂಕಿಗೆ ಪ್ಲಾಸ್ಟಿಕ್ ಸ್ಪರ್ ಗಿಯರಿನ ಹಲ್ಲು ಬೋಳಾದವು. ಹೊಸದು ಹಾಕಿ, ಹಲ್ಲುಗಳ ನಡುವೆ ಕಾಗದದ ಪಟ್ಟಿ ಇಟ್ಟು ಸಂದು ಹೊಂದಿಸಿದೆ. ಆಗ ಹಿಂದಿನ ಡ್ರೈವ್ ಶಾಫ್ಟ್ ಬಾಗಿತು. ಅಳಿಯ ಮುಖ ಸಣ್ಣದು ಮಾಡಿ, "ಇಂಜಿನ್ ಚಲೋ ಐತಿ ಮಾಮಾ, ಗಾಡೀನ ಸಾಲವಲ್ದು" ಅಂದ. ಸರಿಯಾಗಿಯೇ ಹೇಳಿದ. ಆ ಇಂಜಿನ್ ಇದಕ್ಕಿಂತ ದೊಡ್ಡ 1/8 ಅಳತೆಯ ಗಾಡಿಯದು.

ಗಾಡಿಗೆ ಪುಟ್ಟ ಜಿಪಿಎಸ್ ಕಟ್ಟಿ ನೋಡಿದೆ. ಓ-ರಿಂಗ್ ಬದಲಿಸಿದ ಹಳೆಯದು ಗಂಟೆಗೆ 52 ಕಿಲೋಮೀಟರ್ ಮುಟ್ಟಿತು, ಹೊಸ .18 ಇಂಜಿನ್ 57, .21 ಇಂಜಿನ್ 63 ಮುಟ್ಟಿದವು. 75 ಸಿಸಿ ಟ್ಯಾಂಕ್ ಮೊದಲೆರಡಕ್ಕೆ ಎಂಟೊಂಬತ್ತು ನಿಮಿಷ ಬಂದರೆ .21 ಐದೂವರೆ ನಿಮಿಷದಲ್ಲಿ ಕುಡಿದು ಮುಗಿಸಿತು. ನೈಟ್ರೊ ಇಂಧನ ನಮ್ಮೂರ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ, ಹೊರಗಿನಿಂದ ತರಿಸುವುದು. ಆ ಮೂರು ನಿಮಿಷ ಜೇಬಿಗೆ ತಾಗುತ್ತದೆ. ರೊಕ್ಕದ ಲೆಕ್ಕವೆಂದರೆ, ಹಳೆಯದರ ಸೆಟ್ ಬಿದ್ದದ್ದು ಹೊಸ .18ರ ಮೂರನೇ ಒಂದು ಪಾಲು. .21ಕ್ಕೆ ಮೌಂಟು, ಪೈಪು, ಸ್ಟಾರ್ಟರ್ ಬಾಕ್ಸು, ಮುರಿದದ್ದು ಎಲ್ಲ ಸೇರಿ ಇಂಜಿನ್ ಬೆಲೆಯಷ್ಟೇ ಮತ್ತೆ ಹೋಯಿತು. ಮೊದಲೇ ಆ ಸೀಮೆಎಣ್ಣೆ ಬಟ್ಟಲು ಹಿಡಿದಿದ್ದರೆ ಹೊಸ .18 ಕೊಳ್ಳುತ್ತಿದ್ದೆನೋ ಇಲ್ಲವೋ.

ಈಗ ಗಾಡಿಯಲ್ಲಿರುವುದು ಎರಡನೆಯದು, ಮೇ ತಿಂಗಳ ತನಕ. ಮಳೆ ಹಿಡಿದರೆ ಅದನ್ನು ಇಳಿಸುತ್ತೇನೆ. ಇಂಧನದಲ್ಲಿರುವ ಮೆಥನಾಲ್ ತೇವ ಎಳೆದುಕೊಳ್ಳುತ್ತದೆ; ಹೋದ ಜುಲೈಯಲ್ಲಿ ಒಂದೇ ವಾರ ಆಫ್ಟರ್-ರನ್ ಎಣ್ಣೆ (ಓಡಿಸಿದ ಮೇಲೆ ಇಂಜಿನ್ ಒಳಗೆ ಬಿಡುವ ಎಣ್ಣೆ) ಬಿಡಲು ಮರೆತದ್ದಕ್ಕೆ ಹಿಂದಿನ ಬೇರಿಂಗ್ ಕಂದು ಬಣ್ಣಕ್ಕೆ ತಿರುಗಿತ್ತು. ಆ ನಾಲ್ಕು ತಿಂಗಳು ಹಳೆಯದೇ ಓಡಲಿ. .21 ಎಣ್ಣೆ ಬಟ್ಟೆ ಸುತ್ತಿಕೊಂಡು ಡಬ್ಬಿಯಲ್ಲಿದೆ, ಅಳಿಯ ಆಗಾಗ ಬಿಚ್ಚಿ ನೋಡಿ ಮತ್ತೆ ಸುತ್ತಿಡುತ್ತಾನೆ.