ಒಂದೇ ಪಡಸಾಲೆ, ಮೂರು ಬಗೆಯ ಶಾಟು, ಮೂರು ಬಗೆಯ ಸದ್ದು: ಹಾರರ್‌ನಲ್ಲಿ ಯಾವ ಜೋಡಿ ಕೆಲಸ ಮಾಡುತ್ತದೆ?

ಪ್ರಯೋಗಕ್ಕೆ ತೆಗೆದುಕೊಂಡ ದೃಶ್ಯ ಸರಳ. ರಾತ್ರಿ, ಹಳೇ ಮನೆ. ಹುಡುಗಿಯೊಬ್ಬಳು ಕೋಣೆಯಿಂದೆದ್ದು 9 ಮೀಟರ್ ಉದ್ದದ ಪಡಸಾಲೆ ದಾಟಿ ನೀರು ಕುಡಿಯಲು ಅಡುಗೆಮನೆಗೆ ಹೋಗುತ್ತಾಳೆ. ಪಡಸಾಲೆಯ ಆಚೆ ತುದಿಯಲ್ಲಿ ಎಡಕ್ಕೆ ಅಡುಗೆಮನೆ, ಬಲಕ್ಕೆ ಅರ್ಧ ತೆರೆದ ಇನ್ನೊಂದು ಬಾಗಿಲು. ಅವಳು ಒಳಗೆ ಹೋದ ಮೇಲೆ ಬಲಗಡೆ ಬಾಗಿಲಲ್ಲಿ ಯಾರೋ ನಿಂತಿರುವುದು ಕಾಣುತ್ತದೆ. ಅಷ್ಟೇ ಕತೆ.

ಇದನ್ನು ಮೂರು ಬಗೆಯಲ್ಲಿ ಶೂಟ್ ಮಾಡಿ, ಪ್ರತಿಯೊಂದಕ್ಕೂ ಮೂರು ಬಗೆಯ ಸೌಂಡ್ ಟ್ರ್ಯಾಕ್ ಕೂರಿಸಿ, ಒಟ್ಟು 9 ತುಣುಕುಗಳನ್ನು ಹೆಡ್‌ಫೋನ್, ಟಿವಿ, ಮೊಬೈಲ್ ಸ್ಪೀಕರ್ ಮೂರರಲ್ಲೂ ಒಂದರ ಹಿಂದೊಂದು ಹಾಕಿ ನೋಡಿದ್ದಾಯಿತು. ಚಿತ್ರದಲ್ಲಿ ಸ್ಪರ್ಧೆಗಿದ್ದದ್ದು ಅಲುಗಾಡದ ವೈಡ್ (ಇಡೀ ಜಾಗ ಕಾಣುವ ದೂರದ ಶಾಟ್), ಬೆನ್ನ ಹಿಂದೆ ನಡೆಯುವ ಗಿಂಬಲ್ (ನಡೆಯುವಾಗ ಕ್ಯಾಮೆರಾ ಕುಲುಕದಂತೆ ಹಿಡಿಯುವ ಸಾಧನ), ಮತ್ತು ತುಂಡು ತುಂಡು ಕ್ಲೋಸಪ್‌ಗಳು. ಸದ್ದಿನಲ್ಲಿ ಮನೆಯದೇ ಸದ್ದುಗಳನ್ನು ಒಂದೊಂದಾಗಿ ಕಳೆಯುವುದು, ಒಂದೇ ಸಮನೆ ಗುಂಯ್ ಎನ್ನುವ ತಗ್ಗಿನ ಸದ್ದು ಅಂದರೆ ಡ್ರೋನ್, ಮತ್ತು ಕೊನೆಯಲ್ಲೊಂದು ದಢಾರ್ ಎನ್ನುವ ಸ್ಟಿಂಗ್. ಶಾರ್ಟ್ ಫಿಲ್ಮ್ ಮಾಡುವವರು ಹೆಚ್ಚಾಗಿ ಮೂರನೇ ಚಿತ್ರಕ್ಕೆ ಮೂರನೇ ಸದ್ದು ಅಂಟಿಸುತ್ತಾರೆ. 9ರಲ್ಲಿ ತೀರಾ ಸಪ್ಪೆ ಎನಿಸಿದ್ದು ಅದೇ ಜೋಡಿ.

ಅಲುಗಾಡದ ವೈಡ್

ಕ್ಯಾಮೆರಾ ಟ್ರೈಪಾಡಿನ ಮೇಲೆ, ನೆಲದಿಂದ 1.1 ಮೀಟರ್ ಎತ್ತರದಲ್ಲಿ, ಪಡಸಾಲೆಯ ಈ ತುದಿಗೆ. ಪ್ಯಾನ್ (ಕ್ಯಾಮೆರಾ ಅತ್ತಿತ್ತ ತಿರುಗಿಸುವುದು) ಇಲ್ಲ, ಕಟ್ ಇಲ್ಲ. 1990ರ ‘ದಿ ಎಕ್ಸಾರ್ಸಿಸ್ಟ್ 3’ ಸಿನಿಮಾದ ಆಸ್ಪತ್ರೆ ಕಾರಿಡಾರಿನ ದೃಶ್ಯ ನೋಡಿದವರಿಗೆ ಇದರ ತಾಕತ್ತು ಗೊತ್ತು. ಕ್ಯಾಮೆರಾ ದೂರದಲ್ಲಿ ಸುಮ್ಮನೆ ನಿಂತಿರುತ್ತದೆ, ನರ್ಸ್ ತನ್ನ ಪಾಡಿಗೆ ಓಡಾಡುತ್ತಾಳೆ. ನಡುವೆ ಗ್ಲಾಸಿನಲ್ಲಿ ಐಸ್ ಬಿರಿಯುವ ಸದ್ದು ಕೇಳಿ ಒಂದು ಕೋಣೆಗೆ ಹೋಗಿ ಬೆಚ್ಚಿಬೀಳುತ್ತಾಳೆ, ಅದು ಸುಳ್ಳು ಬೆದರಿಕೆ. ಕ್ಯಾಮೆರಾ ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ‘ಸದ್ಯ, ಮುಗಿಯಿತು’ ಎಂದು ಉಸಿರು ಬಿಟ್ಟ ಮೇಲೆ ನಿಜವಾದದ್ದು ಬಾಗಿಲಿನಿಂದ ಹೊರಬೀಳುತ್ತದೆ.

ಇಲ್ಲಿ ಮೊದಲು ತೀರ್ಮಾನ ಮಾಡಬೇಕಾದದ್ದು ಲೆನ್ಸ್. ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 24 ಎಂಎಂ ಲೆನ್ಸ್ ಹಾಕಿದರೆ 9 ಮೀಟರ್ ಆಚೆ ನಿಂತವರು ಫ್ರೇಮಿನ ಎತ್ತರದ ಐದನೇ ಒಂದು ಪಾಲು ಮಾತ್ರ ಇರುತ್ತಾರೆ. ಟಿವಿಯಲ್ಲಿ ಅದು ಸಾಕು. ಮೊಬೈಲಿನಲ್ಲಿ ಆ ಆಕೃತಿ ಬಾಗಿಲಿಗೆ ನೇತುಹಾಕಿದ ಟವೆಲ್ಲಿನಂತೆ ಕಾಣುತ್ತದೆ. 35 ಎಂಎಂಗೆ ಬದಲಿಸಿದರೆ ಹೆಚ್ಚುಕಮ್ಮಿ ಮೂರನೇ ಒಂದು ಪಾಲಿಗೆ ಬೆಳೆಯುತ್ತದೆ. ಪಡಸಾಲೆಯ ಉದ್ದ ಸ್ವಲ್ಪ ಕುಗ್ಗಿದಂತೆ ಅನಿಸಿದರೂ ಮೊಬೈಲಿನಲ್ಲಿ ನೋಡುವವರೇ ಹೆಚ್ಚಾದರೆ 35 ಸರಿ.

ಎರಡನೆಯದು ಕಣ್ಣನ್ನು ಎಲ್ಲಿಗೆ ಕರೆದೊಯ್ಯುತ್ತೀರಿ ಎಂಬುದು. ನೋಡುವವರ ಕಣ್ಣು ಅಲುಗಾಡುವುದರ ಹಿಂದೆ, ಬೆಳಕಿರುವ ಕಡೆಗೆ, ಮುಖದ ಕಡೆಗೆ ಹೋಗುತ್ತದೆ. ಹುಡುಗಿ ಎಡಕ್ಕೆ ಹೋದಳು, ಅಡುಗೆಮನೆಯ ಹಳದಿ ಬಲ್ಬೂ ಅಲ್ಲೇ ಉರಿಯುತ್ತಿದೆ, ಹಾಗಾಗಿ ಕಣ್ಣು ಎಡಕ್ಕೇ ನೆಟ್ಟಿರುತ್ತದೆ. ಬಲಗಡೆಯ ಆಕೃತಿಯನ್ನು ಅವಳು ಹೋದ ಮೇಲೆ ತರಬೇಡಿ, ಅಲುಗಾಡಿದ ತಕ್ಷಣ ಸಿಕ್ಕಿಬೀಳುತ್ತದೆ. ಅವಳು ನಡೆದು ಹೋಗುತ್ತಾ ಬಲಬಾಗಿಲನ್ನು ಮರೆಮಾಡುವ ಒಂದು ಕ್ಷಣ ಇರುತ್ತದೆ, ಆಗಲೇ ಆಕೃತಿ ಒಂದು ಹೆಜ್ಜೆ ಮುಂದೆ ಬಂದು ನಿಂತುಬಿಡಬೇಕು. ಆಮೇಲೆ ಫ್ರೇಮ್ ಖಾಲಿ. 4 ಸೆಕೆಂಡ್ ಖಾಲಿ ಬಿಟ್ಟರೆ ಆಕೃತಿಯನ್ನು ಯಾರೂ ಗಮನಿಸುವುದಿಲ್ಲ. 11 ಸೆಕೆಂಡ್ ಬಿಟ್ಟರೆ ಮುಂದಕ್ಕೆ ಓಡಿಸಲು ಬೆರಳು ಸ್ಕ್ರೀನ್ ಮೇಲೆ ಬರುತ್ತದೆ. ಈ ದೃಶ್ಯಕ್ಕೆ ಕೂಡಿಬಂದದ್ದು 7 ಸೆಕೆಂಡ್. ನೋಡುವವರು ತಾವೇ ಹುಡುಕಿ ಕಂಡುಕೊಳ್ಳುವ ಆ ಹೊತ್ತಿಗೆ ಸಮನಾದದ್ದು ಉಳಿದ ಎರಡು ವಿಧಾನಗಳಲ್ಲೂ ಸಿಗಲಿಲ್ಲ.

ಹಾಳಾಗುವುದು ಹೆಚ್ಚಾಗಿ ಬಟ್ಟೆಯಿಂದ. ದೆವ್ವ ಎಂದರೆ ಕಪ್ಪು ಎಂದುಕೊಂಡು ಕಡುಗಪ್ಪು ತೊಡಿಸಿದರೆ ಹಿಂದಿನ ಕತ್ತಲೆಯಲ್ಲಿ ಕರಗಿಹೋಗುತ್ತದೆ, ಅಪ್‌ಲೋಡ್ ಆದಮೇಲೆ ಕಂಪ್ರೆಷನ್ ಆ ಜಾಗವನ್ನು ಚೌಕಚೌಕ ಮಾಡಿಡುತ್ತದೆ. ಬಿಳಿ ಸೀರೆ ಮೊದಲ ಸೆಕೆಂಡಿಗೇ ಕಣ್ಣಿಗೆ ಹೊಡೆಯುತ್ತದೆ. ಬೂದು ಬಣ್ಣದ ಹತ್ತಿಬಟ್ಟೆ, ಹುಡುಗಿಯ ಮೇಲಿನ ಬೆಳಕಿಗಿಂತ 3 ಸ್ಟಾಪ್ ಕಮ್ಮಿ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ), ಇದು ಟಿವಿಯಲ್ಲೂ ಮೊಬೈಲಿನಲ್ಲೂ ನಿಂತಿತು. ಶಟರ್ 1/50 ಸೆಕೆಂಡ್ ಇರಲಿ, ನಮ್ಮಲ್ಲಿ ಕರೆಂಟ್ 50 ಹರ್ಟ್ಜ್ ಆದ್ದರಿಂದ ಬಲ್ಬಿನ ಮಿಣುಕು ಅದಕ್ಕೆ ಹೊಂದಿಕೊಳ್ಳುತ್ತದೆ. ಅಗ್ಗದ ಎಲ್‌ಇಡಿಗೆ ಡಿಮ್ಮರ್ ಹಾಕಿದರೆ ಮಾತ್ರ ಆಗಲೂ ಅಡ್ಡಪಟ್ಟಿ ಏಳಬಹುದು. ಡಿಮ್ಮರ್ ಬಿಟ್ಟು ಬಲ್ಬನ್ನೇ ದೂರಕ್ಕೆ ಸರಿಸಿ.

ಬೆನ್ನ ಹಿಂದೆ ಗಿಂಬಲ್

1980ರ ‘ದಿ ಶೈನಿಂಗ್’ನಲ್ಲಿ ಪುಟ್ಟ ಹುಡುಗ ಹೋಟೆಲಿನ ಕಾರಿಡಾರುಗಳಲ್ಲಿ ಮೂರು ಗಾಲಿಯ ಸೈಕಲ್ ತುಳಿಯುತ್ತಾನಲ್ಲ, ಸ್ಟೆಡಿಕ್ಯಾಮ್ (ಗಿಂಬಲ್‌ನಂತೆಯೇ ಕ್ಯಾಮೆರಾ ಕುಲುಕದಂತೆ ಹಿಡಿಯುವ ಸಾಧನ) ಅವನ ಬೆನ್ನ ಹಿಂದೆ ನೆಲಕ್ಕಂಟಿದಂತೆ ಹೋಗುತ್ತದೆ. ಅದರಲ್ಲಿ ಕಿವಿಗೊಡಬೇಕಾದ ಸಂಗತಿ ಗಾಲಿಯ ಸದ್ದು. ಮರದ ನೆಲದ ಮೇಲೆ ಗಡಗಡ, ಕಾರ್ಪೆಟ್ ಬಂದಾಗ ಥಟ್ಟನೆ ಮೌನ, ಮತ್ತೆ ಗಡಗಡ. ಸಂಗೀತವಿಲ್ಲದೆಯೂ ಲಯ ಬರುತ್ತದೆ, ಮುಂದಿನ ತಿರುವಿನಲ್ಲಿ ಆ ಲಯ ತಪ್ಪಿದರೆ ಏನು ಗತಿ ಎಂಬ ಕಳವಳವೂ ಬರುತ್ತದೆ.

ಪಡಸಾಲೆಯಲ್ಲಿ ಇದನ್ನು ಮಾಡಲು ಕ್ಯಾಮೆರಾ ನೆಲದಿಂದ 70 ಸೆಂಮೀ ಎತ್ತರ, ಹುಡುಗಿಯಿಂದ 1.5 ಮೀಟರ್ ಹಿಂದೆ. ಫಲಿತಾಂಶವನ್ನು ನಿರ್ಧರಿಸುವುದು ಈ ಅಂತರವೇ. ಇಬ್ಬರ ವೇಗವೂ ಒಂದೇ ಇದ್ದರೆ ನೋಡುವವರು ಅವಳ ಜೊತೆಗಾರರಾಗುತ್ತಾರೆ, ಭಯ ಅಷ್ಟಕ್ಕಷ್ಟೆ. 9 ಮೀಟರ್ ಮುಗಿಯುವಷ್ಟರಲ್ಲಿ ಅಂತರ 1.5ರಿಂದ 0.8 ಮೀಟರಿಗೆ ಇಳಿದರೆ ಕ್ಯಾಮೆರಾಕ್ಕೇ ಒಂದು ಉದ್ದೇಶ ಬಂದುಬಿಡುತ್ತದೆ. ಅವಳು ನಿಂತ ಮೇಲೂ ಒಂದು ಸೆಕೆಂಡ್ ಕ್ಯಾಮೆರಾ ಮುಂದೆ ಸರಿಯುತ್ತಿದ್ದರೆ ಬೆನ್ನು ಚುಳ್ ಎನ್ನುತ್ತದೆ. ಅಂತರ 0.8 ಮೀಟರಿಗಿಂತ ಕಮ್ಮಿಯಾದರೆ ಫೋಕಸ್ ಅವಳ ಜಡೆಗೂ ಮುಂದಿನ ಬಾಗಿಲಿಗೂ ನಡುವೆ ಒದ್ದಾಡುತ್ತದೆ. ಆಟೋಫೋಕಸ್ ಆಫ್ ಮಾಡಿ, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) f/4ಕ್ಕೆ ಇಟ್ಟು, ಹೆಗಲಿಗೆ ಫೋಕಸ್ ಲಾಕ್ ಮಾಡಿದರೆ ಕೊನೆಯವರೆಗೂ ಕೆಲಸಕ್ಕೆ ಬರುವಷ್ಟು ಸ್ಪಷ್ಟವಾಗಿರುತ್ತದೆ. ಆಪರೇಟರ್ ದಪ್ಪ ಸಾಕ್ಸ್ ಹಾಕಿಕೊಂಡೇ ನಡೆಯಬೇಕು, ಇಲ್ಲದಿದ್ದರೆ ಎರಡನೇ ಜೋಡಿ ಹೆಜ್ಜೆ ಟ್ರ್ಯಾಕಿನಲ್ಲಿ ಕೂತುಬಿಡುತ್ತದೆ.

ವೈಡ್‌ಗೆ ಹೋಲಿಸಿದರೆ ಇದರ ಕೊರತೆ ಆಕೃತಿ ತೋರಿಸುವಾಗ ಬಯಲಾಗುತ್ತದೆ. ಬೆದರಿಕೆ ಕ್ಯಾಮೆರಾದ ಕಡೆಗಿದೆ ಎಂದು 20 ಸೆಕೆಂಡ್ ನಂಬಿಸಿ, ಕೊನೆಗೆ ಅದು ಮುಂದಿನ ಬಾಗಿಲಲ್ಲಿ ನಿಂತಿದೆ ಎಂದರೆ ಕಟ್ಟಿದ್ದೆಲ್ಲ ಸಡಿಲವಾಗುತ್ತದೆ. ಗಿಂಬಲ್ ಆರಿಸಿದರೆ ಆಕೃತಿಯನ್ನೇ ಕೈಬಿಡಿ. ಅವಳು ತಿರುಗಿ ನೇರ ಲೆನ್ಸನ್ನು ನೋಡುವಲ್ಲಿಗೆ ಮುಗಿಸಿ.

ತುಂಡು ಶಾಟುಗಳ ಬಗ್ಗೆ ಹೇಳುವುದು ಕಡಿಮೆ. ಪಾದ, ಚಿಲಕ, ಕಣ್ಣು, ಲೋಟ, ಮತ್ತೆ ಪಾದ, ಹೀಗೆ 25 ಸೆಕೆಂಡಿಗೆ 9 ಶಾಟ್ ಹಾಕಿದ್ದಾಯಿತು. ನಟನೆ ಸ್ವಲ್ಪ ಸಡಿಲವಿದ್ದರೂ ಮುಚ್ಚಿಹೋಗುತ್ತದೆ, ಕಿರಿದಾದ ಫ್ಲ್ಯಾಟಿನಲ್ಲೂ ಸಾಧ್ಯ. ಆದರೆ ಪಡಸಾಲೆ ಎಷ್ಟು ಉದ್ದ, ಬಾಗಿಲು ಯಾವ ಕಡೆ ಎಂಬುದು ಗೊತ್ತಿಲ್ಲದವರಿಗೆ ಆ ಬಾಗಿಲ ಭಯವೂ ಇರುವುದಿಲ್ಲ. ಹುಡುಗಿ ಒಂದು ಶಾಟಿನಲ್ಲಿ ಎಡಕ್ಕೆ, ಮುಂದಿನದರಲ್ಲಿ ಬಲಕ್ಕೆ ನಡೆದಳೋ, ಮುಗಿಯಿತು. ಇವುಗಳಲ್ಲಿ ಉಳಿಸಿಕೊಳ್ಳುವಂಥದ್ದು ಒಂದೇ, ಚಿಲಕದ ಕ್ಲೋಸಪ್. ಅದನ್ನು ವೈಡ್‌ಗಿಂತ ಮುಂಚೆ ತೋರಿಸಿದರೆ, ಆಮೇಲೆ ದೂರದಲ್ಲಿ ಚಿಲಕದ ಸದ್ದು ಬಂದಾಗ ಯಾವ ಬಾಗಿಲು ಎಂದು ಹೇಳಿಕೊಡಬೇಕಾಗುವುದಿಲ್ಲ.

ಸದ್ದು: ಕಳೆಯುವುದು, ಸೇರಿಸುವುದು, ಹೊಡೆಯುವುದು

ಡ್ರೋನ್ ಸುಲಭ. ಯಾವ ಲೈಬ್ರರಿಯಲ್ಲಾದರೂ ಸಿಗುತ್ತದೆ. 45 ಹರ್ಟ್ಜ್‌ನ ಗುಂಯ್ ಹೆಡ್‌ಫೋನಿನಲ್ಲಿ ಎದೆ ಹಿಡಿಯಿತು, ಮೊಬೈಲ್ ಸ್ಪೀಕರಿನಲ್ಲಿ ಪೂರ್ತಿ ಮಾಯ. ಅಷ್ಟು ಚಿಕ್ಕ ಸ್ಪೀಕರಿಗೆ ಆ ತಗ್ಗಿನ ಸದ್ದು ಹೊರಡಿಸುವ ಶಕ್ತಿಯೇ ಇಲ್ಲ. ಸ್ಯಾಚುರೇಷನ್ ಪ್ಲಗಿನ್ ಹಾಕಿ ಮೇಲಿನ ಸ್ವರಾಂಶಗಳನ್ನು ಎಬ್ಬಿಸಿ, 250ರಿಂದ 400 ಹರ್ಟ್ಜ್ ನಡುವೆ ಒಂದು ತೆಳು ಪದರ ಸೇರಿಸಿದರೆ ಮೊಬೈಲಿನಲ್ಲೂ ಉಳಿಯುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಮೊದಲ ಸೆಕೆಂಡಿಗೇ ‘ಏನೋ ಆಗಲಿದೆ’ ಎಂದು ಡ್ರೋನ್ ಡಂಗುರ ಸಾರಿಬಿಡುತ್ತದೆ. 20 ಸೆಕೆಂಡಿನಲ್ಲಿ ಕಿವಿ ಅದಕ್ಕೆ ಒಗ್ಗಿಯೂ ಹೋಗುತ್ತದೆ. ವೈಡ್ ಜೊತೆ ಇದು ಚಿತ್ರಕ್ಕೇ ಕೆಡುಕು ಮಾಡಿತು. ತಾವೇ ಹುಡುಕಬೇಕಾದವರಿಗೆ ಸಂಗೀತ ಮೊದಲೇ ಬೆರಳು ತೋರಿಸಿದಂತಾಯಿತು. ಗಿಂಬಲ್ ಜೊತೆ ಪರವಾಗಿಲ್ಲ, ಅದೂ ಆಕೆ ತಿರುಗುವ 1.5 ಸೆಕೆಂಡ್ ಮುಂಚೆ ಡ್ರೋನನ್ನು ಪೂರ್ತಿ ಕತ್ತರಿಸಿದರೆ.

ಸ್ಟಿಂಗ್‌ಗೆ ಹಳೆಯ ಮಾದರಿ 1942ರ ‘ಕ್ಯಾಟ್ ಪೀಪಲ್’. ರಾತ್ರಿ ಒಬ್ಬಳೇ ನಡೆಯುತ್ತಿರುವ ಹೆಣ್ಣು, ಹಿಂದೆ ಇನ್ನೊಬ್ಬಳ ಹೆಜ್ಜೆ, ಆ ಹೆಜ್ಜೆ ನಿಂತುಹೋಗುತ್ತದೆ, ಮೌನ. ಆಗ ಬುಸ್ಸೆಂದು ಫ್ರೇಮಿನೊಳಗೆ ನುಗ್ಗುವುದು ಒಂದು ಬಸ್ಸು. ಅದರ ನಿರ್ಮಾಪಕ ವಾಲ್ ಲ್ಯೂಟನ್ ಹೆಸರಿನಲ್ಲೇ ಈ ತಂತ್ರವನ್ನು ‘ಲ್ಯೂಟನ್ ಬಸ್’ ಎನ್ನುವುದುಂಟು. ಬೆಚ್ಚಿಸಿದ್ದು ಬಸ್ಸಾದರೂ ಅದಕ್ಕೆ ನೆಲ ಹದ ಮಾಡಿದ್ದು ನಿಂತುಹೋದ ಹೆಜ್ಜೆ. ಹಾಗಾಗಿ ಸ್ಟಿಂಗ್ ಹಾಕುವುದಾದರೆ ಅದಕ್ಕೆ ಮುಂಚಿನ 2 ಸೆಕೆಂಡನ್ನು ಮೊದಲು ಮಿಕ್ಸ್ ಮಾಡಿ. ಸ್ಟಿಂಗ್ ಸುತ್ತಲಿನ ಸದ್ದಿಗಿಂತ 18ರಿಂದ 20 ಡಿಬಿ (ಡೆಸಿಬೆಲ್) ಮೇಲಿದ್ದರೆ ಸಾಕು. ಚಿತ್ರಕ್ಕಿಂತ 1-2 ಫ್ರೇಮ್ ಮುಂದಿದ್ದರೆ ಏಟು ಜೋರಾಗಿ ಬೀಳುತ್ತದೆ, 4 ಫ್ರೇಮ್ ಹಿಂದೆ ಬಿದ್ದರೆ ಎಡಿಟಿಂಗ್ ತಪ್ಪಿನಂತೆ ಕೇಳುತ್ತದೆ. ಇನ್ನೊಂದು ಎಚ್ಚರ: ಯೂಟ್ಯೂಬ್ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ (ಸದ್ದಿನ ಒಟ್ಟು ಜೋರನ್ನು ಅಳೆಯುವ ಮಾನ) ಜೋರಿರುವ ವಿಡಿಯೊವನ್ನು ಇಡಿಯಾಗಿ ತಗ್ಗಿಸುತ್ತದೆ. ಐದು ನಿಮಿಷದ ಚಿತ್ರದಲ್ಲಿ ಆರು ಸ್ಟಿಂಗ್ ತುರುಕಿ ಒಟ್ಟು ಸರಾಸರಿ ಏರಿಸಿಕೊಂಡರೆ, ತಗ್ಗಿಸುವಾಗ ನಿಮ್ಮ ಹೆಜ್ಜೆಸದ್ದು, ಉಸಿರು ಕೂಡ ಕೆಳಗಿಳಿಯುತ್ತವೆ.

ಕಳೆಯುವ ವಿಧಾನಕ್ಕೆ ನಮ್ಮ ಮನೆಗಳಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಹೊರಗೆ ಜೀರುಂಡೆ, ಮೇಲೆ ಟಕ್ ಟಕ್ ಎನ್ನುವ ಫ್ಯಾನ್, ಅಡುಗೆಮನೆಯಲ್ಲಿ ಫ್ರಿಜ್, ಬಚ್ಚಲಲ್ಲಿ ತೊಟ್ಟಿಕ್ಕುವ ನಲ್ಲಿ. ಶೂಟಿಂಗ್ ಹೊತ್ತಿನಲ್ಲಿ ಇವನ್ನೆಲ್ಲ ನಿಲ್ಲಿಸಿ, ಫ್ರಿಜ್ ಕೂಡ. ಅದನ್ನು ಮತ್ತೆ ಆನ್ ಮಾಡಲು ಮರೆಯದಂತೆ ಗಾಡಿ ಕೀಲಿಯನ್ನು ಅದರೊಳಗೇ ಇಡುವುದು ಸೌಂಡ್ ರೆಕಾರ್ಡಿಸ್ಟುಗಳ ಹಳೆಯ ರೂಢಿ. ಆಮೇಲೆ ಒಂದೊಂದನ್ನೂ 30 ಸೆಂಮೀ ಹತ್ತಿರದಿಂದ 2 ನಿಮಿಷ ಬೇರೆಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಿ, ರೆಕಾರ್ಡರಿನ ಸೆಟ್ಟಿಂಗ್ 48 ಕಿಲೋಹರ್ಟ್ಜ್, 24 ಬಿಟ್. ಜೀರುಂಡೆಗೆ ಮಾತ್ರ ಹಿತ್ತಲ ಬಾಗಿಲಲ್ಲಿ ಮೈಕ್ ಇಡಿ. ಖಾಲಿ ಪಡಸಾಲೆಯ ರೂಮ್ ಟೋನ್, ಅಂದರೆ ಯಾರೂ ಅಲುಗಾಡದಾಗ ಆ ಜಾಗಕ್ಕಿರುವ ಸಣ್ಣ ಸದ್ದು ಕೂಡ 1 ನಿಮಿಷ ಇರಲಿ.

ಟೈಮ್‌ಲೈನಿನಲ್ಲಿ ಎಲ್ಲವನ್ನೂ ತುಂಬಿ ಶುರುಮಾಡಿ. ಜೀರುಂಡೆಯನ್ನು 12 ಸೆಕೆಂಡಿನಲ್ಲಿ ಯಾರಿಗೂ ಗೊತ್ತಾಗದಂತೆ ಇಳಿಸಿ. ನಲ್ಲಿಯ ಹನಿ ಎರಡು ಸಲ ಬಿದ್ದು ಮೂರನೆಯದು ಬೀಳದಿರಲಿ. ಈಗ ಉಳಿದದ್ದು ಫ್ಯಾನು, ಫ್ರಿಜ್ಜು, ಹೆಜ್ಜೆ. ಹುಡುಗಿ ಅಡುಗೆಮನೆಗೆ ಕಾಲಿಡುವಾಗ ಕರೆಂಟ್ ಹೋಗುತ್ತದೆ. ಯುಪಿಎಸ್ ಇರುವ ಮನೆಯಾದ್ದರಿಂದ ದೀಪ ಒಮ್ಮೆ ಮಿಟುಕಿ ಹಾಗೇ ಉರಿಯುತ್ತದೆ, ಫ್ಯಾನೂ ತಿರುಗುತ್ತದೆ. ಯುಪಿಎಸ್‌ಗೆ ಸೇರಿಸದ ಫ್ರಿಜ್ ಮಾತ್ರ ಗಡಗಡ ಅಲುಗಿ ಸುಮ್ಮನಾಗುತ್ತದೆ. ಚಿತ್ರದಲ್ಲಿ ಏನೂ ಬದಲಾಗಿಲ್ಲ, ಆದರೆ ಮನೆ ಖಾಲಿಯಾಯಿತು ಎಂದು ಕಿವಿ ಹೇಳುತ್ತದೆ. ಫ್ರಿಜ್ ನಿಂತ ಮೇಲಿನ ಮೌನ ಎಂಥದ್ದೆಂದು ಇಲ್ಲಿ ಪ್ರತಿ ಮನೆಯವರಿಗೂ ಗೊತ್ತು. ಖಾಲಿ ಫ್ರೇಮಿನ 7 ಸೆಕೆಂಡನ್ನು ಇಲ್ಲಿಂದ ಎಣಿಸಬೇಕು. ಐದನೇ ಸೆಕೆಂಡಿಗೆ ಒಂದೇ ಒಂದು ಹೆಜ್ಜೆ. ಹುಡುಗಿ ಒಳಗೆ ನೀರು ಕುಡಿಯುತ್ತಿರುವುದು ಲೋಟದ ಸದ್ದಿನಿಂದ ಗೊತ್ತಿದೆಯಲ್ಲ, ಹಾಗಾದರೆ ಈ ಹೆಜ್ಜೆ ಯಾರದು?

ಆ ಹೆಜ್ಜೆಯ ಸದ್ದನ್ನು ಎಡಗಿವಿಗೋ ಬಲಗಿವಿಗೋ ಸರಿಸಿ (ಸದ್ದಿನಲ್ಲಿ ಪ್ಯಾನ್ ಎಂದರೆ ಇದು) ಜಾಗ ತೋರಿಸಲು ಹೋಗಬೇಡಿ, ಮೊಬೈಲಿನಲ್ಲಿ ಅದು ಉಳಿಯುವುದಿಲ್ಲ. ಸ್ಪೀಕರೊಂದನ್ನು ಪಡಸಾಲೆಯ ಆಚೆ ತುದಿಯಲ್ಲಿಟ್ಟು ಹೆಜ್ಜೆಯನ್ನು ಪ್ಲೇ ಮಾಡಿ, ಕ್ಯಾಮೆರಾ ಇದ್ದ ಜಾಗದಿಂದ ಮತ್ತೆ ರೆಕಾರ್ಡ್ ಮಾಡಿ. ಗೋಡೆಗಳೇ ದೂರವನ್ನು ಕೂರಿಸಿಕೊಡುತ್ತವೆ. ಎಷ್ಟೇ ಕಳೆದರೂ ರೂಮ್ ಟೋನನ್ನು ಮೈನಸ್ 60 ಡಿಬಿ ಸುತ್ತಮುತ್ತ ಉಳಿಸಿ. ಟ್ರ್ಯಾಕ್ ಪೂರ್ತಿ ಸೊನ್ನೆಗೆ ಇಳಿದಾಗ ನೋಡುವವರು ಹೆದರುವ ಬದಲು ಇಯರ್‌ಫೋನ್ ಕಳಚಿತೇ ಎಂದು ಮುಟ್ಟಿ ನೋಡಿಕೊಳ್ಳುತ್ತಾರೆ.

ಯಾವುದಕ್ಕೆ ಯಾವುದು

9 ತುಣುಕುಗಳಲ್ಲಿ ಅಲುಗಾಡದ ವೈಡ್ ಮತ್ತು ಕಳೆಯುವ ಸದ್ದಿನ ಜೋಡಿಗೆ ಮೊದಲ ಸ್ಥಾನ, ಅದರಲ್ಲಿ ಅನುಮಾನವೇ ಇಲ್ಲ. ಎರಡನೆಯದು ಗಿಂಬಲ್ ಮತ್ತು ಕಳೆಯುವ ಸದ್ದು. ಪಡಸಾಲೆ 5 ಮೀಟರಿಗಿಂತ ಚಿಕ್ಕದಾಗಿದ್ದರೆ ವೈಡ್‌ನ ಹಠ ಬಿಟ್ಟು ನೇರ ಇದಕ್ಕೇ ಬನ್ನಿ. ಸ್ಟಿಂಗ್ ಬೇಕೇ ಬೇಕೆಂದರೆ ವೈಡ್ ಜೊತೆ ಇಡೀ ಚಿತ್ರಕ್ಕೆ ಒಂದೇ ಸಲ, ಅದೂ ಆಕೃತಿ ಕಂಡಾಗ ಬೇಡ, ಹುಡುಗಿ ಹೊರಬಂದು ಅದರ ಪಕ್ಕದಲ್ಲೇ ಏನೂ ಅರಿಯದೆ ಹಾದುಹೋದ ಮೇಲೆ.

ರೀಲ್ಸ್‌ಗಾಗಿ ಉದ್ದುದ್ದ ಫ್ರೇಮಿನಲ್ಲಿ ತೆಗೆಯುವವರಿಗೆ ಈ ಲೆಕ್ಕ ಪೂರ್ತಿ ಹೊಂದುವುದಿಲ್ಲ. 9:16ರಲ್ಲಿ (ಅಗಲ 9, ಎತ್ತರ 16) ಎಡ-ಬಲದ ಆಟಕ್ಕೆ ಜಾಗವೇ ಇರುವುದಿಲ್ಲ, ಎರಡು ಬಾಗಿಲೂ ಒಂದಕ್ಕೊಂದು ಅಂಟಿಕೊಂಡು ಕಣ್ಣು ಒಂದೇ ನೋಟಕ್ಕೆ ಎಲ್ಲವನ್ನೂ ಹಿಡಿದುಬಿಡುತ್ತದೆ. ಪಡಸಾಲೆಯ ಬದಲು ಮಹಡಿ ಮೆಟ್ಟಿಲು ಆರಿಸಿ. ಹುಡುಗಿ ಕೆಳಗಿನ ಮೂರನೇ ಒಂದು ಭಾಗದಲ್ಲಿ, ಬೆಳಕೂ ಅಲ್ಲೇ, ಆಕೃತಿ ಮೇಲಿನ ತಿರುವಿನ ಕತ್ತಲಲ್ಲಿ. ಕ್ಯಾಪ್ಶನ್ ಮತ್ತು ಬಟನ್‌ಗಳು ಫ್ರೇಮಿನ ಕೆಳಭಾಗವನ್ನು ತಿನ್ನುತ್ತವೆ, ಆದ್ದರಿಂದ ಅವಳ ಕೈಯಲ್ಲಿನ ಲೋಟ ಅದಕ್ಕಿಂತ ಮೇಲೆಯೇ ಇರಲಿ.